ಇದು ರಾಜಕೀಯ ಅಲ್ಲ, ಟೆಕ್ನಾಲಜಿ

ದೇಶದ ತಂತ್ರಜ್ಞಾನ ಎಲ್ಲಿಗೆ ಬಂತು ಎಂದು ತಿಳಿಯಲು ಬೇರೆಯವರು ಪೇಪರ್ ಓದುತ್ತಾರೆ. ನಾನು ಕೊತ್ತಂಬರಿ ತರಲು ಕೆಳಗಿಳಿಯುತ್ತೇನೆ. ಮುಂಬಯಿ ಹತ್ತಿರದ ಡೊಂಬಿವಲಿಯ ನಮ್ಮ ಬಿಲ್ಡಿಂಗಿನ ಕೆಳಗೇ ಶೆಟ್ಟರ ಹೋಟೆಲು, ಅದರ ಕಿಟಕಿ ಪಕ್ಕದ ಮೇಜಿನಲ್ಲಿ ನನ್ನ ಗಂಡನ ಅಪ್ಪ, ನಮ್ಮ ಮಾವ. ಒಂದು ಕಟ್ಟು ಕೊತ್ತಂಬರಿ ಹಿಡಿದು ಮೇಲೆ ಬರುವಷ್ಟರಲ್ಲಿ ಯಾವ ಕಂಪನಿ ಮುಳುಗಿತು, ಯಾವ ಮಂತ್ರಿ ಅದನ್ನು ಮುಳುಗಿಸಿದ, ಯಾರು ಇದ್ದಿದ್ದರೆ ಮುಳುಗುತ್ತಿರಲಿಲ್ಲ, ಎಲ್ಲ ಕಿವಿಗೆ ಬಿದ್ದಿರುತ್ತದೆ. ವರ್ಷಗಟ್ಟಲೆ ಹೀಗೇ ನಡೆದಿದೆ. ಒಮ್ಮೆ ಮಾತ್ರ ನಿಂತುಹೋಗಿತ್ತು. ಅದನ್ನು ಕೊನೆಗೆ ಹೇಳುತ್ತೇನೆ.

ಮಾವ ಧಾರವಾಡದ ಕಡೆಯವರು, ಶಹಾಡ್ ಹತ್ತಿರದ ಕಾರ್ಖಾನೆಯೊಂದರ ಸ್ಟೋರ್ಸಿನಲ್ಲಿ ದುಡಿದು ನಿವೃತ್ತರಾದವರು. ಶೆಟ್ಟರು ಉಡುಪಿ ಕಡೆಯವರು. ಒಬ್ಬರು 'ಅದ' ಅನ್ನುತ್ತಾರೆ, ಇನ್ನೊಬ್ಬರು 'ಉಂಟು' ಅನ್ನುತ್ತಾರೆ. 'ಇಲ್ಲ' ಅನ್ನುವಾಗ ಮಾತ್ರ ಇಬ್ಬರದೂ ಒಂದೇ ಭಾಷೆ. ಅವರ ಸ್ನೇಹ ನಿಂತಿರುವುದೂ ಆ ಒಂದು ಶಬ್ದದ ಮೇಲೆಯೇ.

೧. ಬೋರ್ಡು

ಎರಡು ಸಾವಿರದ ನಾಲ್ಕೈದರ ಸುಮಾರು. ಚುನಾವಣೆಯ ಬಿಸಿಯಲ್ಲಿ ಶೆಟ್ಟರ ಹೋಟೆಲಿನಲ್ಲಿ ಇಬ್ಬರು ಗಿರಾಕಿಗಳು ಜಗಳವಾಡಿ, ಒಬ್ಬ ಇನ್ನೊಬ್ಬನ ಬಿಳಿ ಅಂಗಿಗೆ ಹಸಿರು ಚಟ್ನಿ ಎರಚಿದ. ಅಂಗಿ ಒಗೆಸಿ ಇಸ್ತ್ರಿ ಮಾಡಿಸಿಕೊಟ್ಟ ಮೇಲೆ ಶೆಟ್ಟರು ಮೂರು ಭಾಷೆಯಲ್ಲಿ ಬೋರ್ಡು ಬರೆಸಿ ಗೋಡೆಗೆ ಹೊಡೆದರು: 'ಇಲ್ಲಿ ರಾಜಕೀಯ ಮಾತಾಡಬಾರದು.'

ಮರುದಿನ ಬೆಳಿಗ್ಗೆ ಮಾವ ಹೋಗಿ ಬೋರ್ಡನ್ನು ಮೂರೂ ಭಾಷೆಯಲ್ಲಿ ಓದಿದರು. ಕೂತರು. ಇಡ್ಲಿ ತರಿಸಿದರು. ಮಾತಿಲ್ಲ. ಅರ್ಧ ಗಂಟೆ ಆದರೂ ಮಾತಿಲ್ಲ. ಬೋರ್ಡು ಬರೆಸಿದ ಶೆಟ್ಟರಿಗೇ ಚಡಪಡಿಕೆ ಶುರುವಾಯಿತು. ಆಗ ಮಾವ ನಿಧಾನಕ್ಕೆ ಪೇಪರ್ ಬಿಚ್ಚಿದರು.

"ಸರಕಾರದವರು ಹಳ್ಳಿಹಳ್ಳಿಗೆ ಕಂಪ್ಯೂಟರ್ ಕೊಡ್ತಾರಂತ್ರೀ ಶೆಟ್ರ. ಛಲೋ ಆತು. ಅದಕ್ಕ ಕರೆಂಟ್ ಯಾರ ಅಪ್ಪ ಕೊಡ್ತಾನ?"

ಶೆಟ್ಟರು ಬೋರ್ಡಿನ ಕಡೆ ಬೆರಳು ತೋರಿಸಿದರು.

"ನಾ ರಾಜಕೀಯ ಎಲ್ಲಿ ಮಾತಾಡಿದೆ? ಕಂಪ್ಯೂಟರ್ ಬಗ್ಗೆ ಮಾತಾಡಿದೆ. ಇದು ಟೆಕ್ನಾಲಜಿ."

ಶೆಟ್ಟರು ಯೋಚಿಸಿದರು. ವಾದದಲ್ಲಿ ತಪ್ಪು ಸಿಗಲಿಲ್ಲ. "ಆಯ್ತು ರಾಯರೇ, ಮಾತಾಡಿ. ಆದ್ರೆ ಟೆಕ್ನಾಲಜಿ ಮುಗಿಯುವ ತನಕ ಆ ಚಟ್ನಿ ಬಟ್ಟಲು ಈಚೆ ಕೊಡಿ."

೨. ಒಳಗಿನ ಸುದ್ದಿ

ನಾನು ವಾಶಿಯಲ್ಲಿ ಒಂದು ಸಾಫ್ಟ್‌ವೇರ್ ಕಂಪನಿಯಲ್ಲಿದ್ದೇನೆ. ಕ್ಯಾಂಟೀನು, ಸಿಬ್ಬಂದಿಯ ಬಸ್ಸು, ಬೀಗದ ಕೈ, ಇವು ನನ್ನ ಖಾತೆ. ಕಂಪ್ಯೂಟರಿಗೂ ನನಗೂ ಇರುವ ಸಂಬಂಧ ಇಷ್ಟೇ: ಅದು ಕೆಟ್ಟರೆ ಇನ್ನೊಬ್ಬರಿಗೆ ಫೋನ್ ಮಾಡುತ್ತೇನೆ. ಆದರೆ ಮಾವನ ಮೇಜಿನಲ್ಲಿ ನಾನು 'ಕಂಪ್ಯೂಟರ್ ಕಂಪನಿಯೊಳಗ ಇರೋ ನಮ್ಮ ಸೊಸಿ'. ನಾನು ಸೀನಿದರೂ ಅದು ಒಳಗಿನ ಸುದ್ದಿ.

ಅಮೆರಿಕದ ಬ್ಯಾಂಕುಗಳು ಸಾಲಾಗಿ ಬಿದ್ದ ವರ್ಷ ಅದು. ಎಲ್ಲಿ ನೋಡಿದರೂ ಕೆಲಸ ಹೋಗುವ ಮಾತು. ಒಂದು ಸಂಜೆ ಥಾಣೆಯಲ್ಲಿ ಟ್ರೇನು ಬದಲಿಸಿ, ಜನರ ನಡುವೆ ಚಪಾತಿಯಾಗಿ ಮನೆಗೆ ಬಂದವಳು ಸುಮ್ಮನಿರಲಾರದೆ ಅಂದೆ: "ನಾಳೆಯಿಂದ ನಮ್ಮ ಕ್ಯಾಂಟೀನಿನಲ್ಲಿ ವಡೆ ಬಂದ್."

ಬೆಳಿಗ್ಗೆ ಅದು ಮೇಜಿಗೆ ಹೋಯಿತು.

"ವಡೆ ಮಾತ್ರ ನಿಲ್ಸಿದ್ದಾ? ಇಡ್ಲಿ ಉಂಟಾ?" ಶೆಟ್ಟರು ವೈದ್ಯರ ಹಾಗೆ ಕೇಳಿದರಂತೆ.

"ಇಡ್ಲಿ ಅದ."

"ಹಾಗಾದ್ರೆ ಎಣ್ಣೆಗೆ ದುಡ್ಡಿಲ್ಲ. ಇನ್ನು ಬರೇ ಬೇಯಿಸುದು. ಕಂಪನಿ ಹೋಯ್ತು ಮಾರಾಯ್ರೆ, ಹೋಯ್ತು!"

ಸಂಜೆ ನಾನು ಬಂದಾಗ ನಾವೆಲ್ಲ ಕಾಕು ಎಂದು ಕರೆಯುವ ಮೂರನೇ ಮಹಡಿಯ ಮರಾಠಿ ಹೆಂಗಸು ಮೆಟ್ಟಿಲಲ್ಲೇ ಕೈ ಹಿಡಿದುಕೊಂಡರು. ಅವರ ಮಗ ನಮ್ಮ ಕಂಪನಿಯಲ್ಲೇ ಇದ್ದಾನೆ. ನಿಶ್ಚಿತಾರ್ಥ ಮುಂದೆ ಹಾಕಬೇಕೋ, ಹುಡುಗಿ ಕಡೆಯವರಿಗೆ ಈಗಲೇ ಹೇಳಬೇಕೋ ಎಂದು ಕಣ್ಣು ಒರೆಸಿಕೊಂಡರು. ನಾನು ಅವರನ್ನು ಮನೆಗೆ ಕರೆತಂದು, ನೀರು ಕೊಟ್ಟು, ಮಾವನ ಎದುರಿಗೇ ವಿವರಿಸಿದೆ: ವಡೆ ಮಾಡುವವನ ಹೆಂಡತಿ ಹೆತ್ತಿದ್ದಾಳೆ, ಅವನು ರಜೆ ಹಾಕಿ ಊರಿಗೆ ಹೋಗಿದ್ದಾನೆ, ಅಷ್ಟೇ.

ಕಾಕುವಿನ ಮುಖ ಅರಳಿತು. ಮಾವ ಮಾತ್ರ ತಲೆ ಆಡಿಸಿದರು. "ಇಂಥಾ ಹೊತ್ತಿನ್ಯಾಗ ಅಂವ ಊರಿಗೆ ಹೋದಾ ಅಂದ್ರ ಏನು ಅರ್ಥವಾ? ಅವಗೂ ಒಳಗಿನ ಸುದ್ದಿ ಗೊತ್ತಾಗೇದ!"

೩. ಡಬ್ಬಿ

ಮುಂದೆ ಕೆಲವು ವರ್ಷಕ್ಕೆ ಸರಕಾರದ ಆಜ್ಞೆ ಬಂತು. ಇಂಥ ದಿನದಿಂದ ಸೆಟ್‌ಟಾಪ್ ಡಬ್ಬಿ ಇಲ್ಲದ ಮನೆಯಲ್ಲಿ ಕೇಬಲ್ ಟಿವಿ ಬರುವುದಿಲ್ಲ.

ಮಾವ ಪರ. "ದೇಶ ಮುಂದ ಹೋಗಬೇಕಂದ್ರ ಡಬ್ಬಿ ಬೇಕ ಬೇಕು."

ಶೆಟ್ಟರು ವಿರೋಧ. "ನನ್ನ ಮನೆ ಟಿವಿಗೆ ಕೈ ಹಾಕ್ಲಿಕ್ಕೆ ಇವರು ಯಾರು? ನಾನಂತೂ ತರುದಿಲ್ಲ!"

ಈ ವಾದ ಗಣಪತಿ ಬಂದು ಹೋಗುವವರೆಗೂ ನಡೆಯಿತು. ಕೊನೆಗೆ ಆ ದಿನ ಬಂತು. ಮಾವ ಸಂಜೆಯ ವಾರ್ತೆಗೆಂದು ಟಿವಿ ಹಾಕಿದರೆ ಪರದೆಯ ತುಂಬ ಇರುವೆ ಸಾಲು. ಡಬ್ಬಿ ತರಿಸಲು ಅಪ್ಪ ಹೇಳಿದ್ದಾರೆ ಎಂದು ನನ್ನ ಗಂಡ, ಮಗ ಹೇಳಿದ್ದಾನೆ ಎಂದು ಮಾವ, ಇಬ್ಬರೂ ನಂಬಿ ಕೂತಿದ್ದರು. ಹೇಳುವುದಕ್ಕೆ ಮಾವನಿಗೆ ಪುರುಸೊತ್ತಾದರೂ ಎಲ್ಲಿತ್ತು, ಡಬ್ಬಿಯನ್ನು ಬೆಂಬಲಿಸುವುದರಲ್ಲೇ ದಿನ ಕಳೆದಿತ್ತು.

ಚಪ್ಪಲಿ ಮೆಟ್ಟಿ ಹೋಟೆಲಿಗೆ ಇಳಿದರು. ಅಲ್ಲಿ ಗಲ್ಲಾದ ಮೇಲಿನ ಟಿವಿ ಹೊಳೆಯುತ್ತಿದೆ! ಅದರ ಕೆಳಗೆ ಕರಿ ಡಬ್ಬಿ, ಡಬ್ಬಿಗೆ ಕುಂಕುಮ.

"ಏನ್ರೀ ಶೆಟ್ರ! ವಿರೋಧ ಮಾಡಿದವರೂ ನೀವ, ಎಲ್ಲಾರಕಿಂತ ಮೊದಲ ತಂದವರೂ ನೀವ?"

ಗಲ್ಲಾದಲ್ಲಿ ಶೆಟ್ಟರ ಹೆಂಡತಿ ಕೂತಿದ್ದರು, ಕಣ್ಣು ಟಿವಿ ಬಿಟ್ಟು ಆಚೀಚೆ ಹೋಗಿರಲಿಲ್ಲ. ಶೆಟ್ಟರು ದನಿ ತಗ್ಗಿಸಿದರು. "ವಿರೋಧ ನನ್ನದೇ ರಾಯರೇ. ಸೀರಿಯಲ್ ಇವಳದ್ದು."

೪. ಪುಕ್ಕಟೆ ಸಾಂಬಾರು

ಇಷ್ಟೆಲ್ಲ ದಾಟಿದ ಸ್ನೇಹ ಮುರಿದದ್ದು ಇಂಟರ್ನೆಟ್ಟಿನಿಂದ.

ಯಾವುದೋ ದೊಡ್ಡ ಕಂಪನಿ ಬಡವರಿಗೆ ಇಂಟರ್ನೆಟ್ ಪುಕ್ಕಟೆ ಕೊಡುತ್ತೇನೆ ಅಂದಿತ್ತು. ಆದರೆ ಕಂಪನಿ ಆರಿಸಿದ ಕೆಲವೇ ಕೆಲವು ವೆಬ್‌ಸೈಟುಗಳು ಮಾತ್ರ ಅದರಲ್ಲಿ ತೆರೆಯುತ್ತವೆ, ಬೇರೆಯದಕ್ಕೆ ದುಡ್ಡು. ಇದನ್ನು ದೇಶದೊಳಗೆ ಬಿಡಬೇಕೋ ಬೇಡವೋ ಎಂದು ದಿಲ್ಲಿಯಲ್ಲಿ ಚರ್ಚೆ, ಟಿವಿಯಲ್ಲಿ ಕೂಗಾಟ.

"ಪುಕ್ಕಟೆ ಕೊಟ್ರ ತಗೊಳ್ಳಾಕ ಏನು ಧಾಡಿ?" ಅಂದರು ಮಾವ. "ನೀವು ಸಾಂಬಾರ್ ಪುಕ್ಕಟೆ ಕೊಡೂದಿಲ್ಲೇನು?"

"ಕೊಡ್ತೇನೆ. ಆದ್ರೆ ಸಾಂಬಾರ್ ಫ್ರೀ, ಹಾಗಾಗಿ ಇಡ್ಲಿ ಮಾತ್ರ ತಿನ್ನಿ, ದೋಸೆ ಮುಟ್ಟಬೇಡಿ ಅಂತ ಹೇಳ್ತೇನಾ? ಅವರು ಹೇಳುದು ಅದೇ!"

ದಿಲ್ಲಿಯ ಪಂಡಿತರು ತಾಸುಗಟ್ಟಲೆ ಹೇಳಿದರೂ ನನ್ನ ತಲೆಗೆ ಹೋಗದ ವಿಷಯ ಈ ಒಂದು ಮಾತಿನಲ್ಲಿ ಹೋಯಿತು. ಹೋಟೆಲಿನಲ್ಲಿದ್ದವರೆಲ್ಲ ಶೆಟ್ಟರಿಗೆ ತಲೆದೂಗಿದರು. ಸೋತರೆ ಮಾವನಿಗೆ ಸಿಟ್ಟು ಬರುವುದಿಲ್ಲ. ಎಲ್ಲರೆದುರು ಸೋತರೆ ಬರುತ್ತದೆ.

"ನಿಮ್ಮ ಸಾಂಬಾರಿನ ಉದಾಹರಣೆ ಕೊಡಬ್ಯಾಡ್ರಿ. ಅದು ಸಾಂಬಾರೇನು? ನೀರು! ನೀರು ಅಂತ ಅದನ್ನ ಪುಕ್ಕಟೆ ಕೊಡ್ತೀರಿ!"

ಶೆಟ್ಟರನ್ನು ಬೈಯಬಹುದು, ಅವರ ಪಕ್ಷವನ್ನು ಬೈಯಬಹುದು. ಸಾಂಬಾರನ್ನು ಬೈದವರು ಅಲ್ಲಿಯವರೆಗೆ ಹುಟ್ಟಿರಲಿಲ್ಲ. ಶೆಟ್ಟರು ಸೀಮೆಸುಣ್ಣ ತಂದು, ಸ್ಟೂಲು ಹತ್ತಿ, ಬೋರ್ಡಿನ ಕೆಳಗೆ ಇನ್ನೊಂದು ಸಾಲು ಬರೆದರು: 'ಟೆಕ್ನಾಲಜಿಯೂ ಮಾತಾಡಬಾರದು.' ಅದೂ ಕನ್ನಡದಲ್ಲಿ ಮಾತ್ರ.

ಮಾವ ಎದ್ದು ಬಂದರು. ಮೇಲೆ ಬಂದು ನನಗೆ ಅಂದರು, "ಇನ್ನ ಮ್ಯಾಲೆ ನಾ ಮನಿಯಾಗ ನಾಷ್ಟಾ ಮಾಡ್ತೀನವಾ."

ಬಾಗಿಲು ಮುಚ್ಚಿದ್ದು ಶೆಟ್ಟರು. ಶಿಕ್ಷೆ ಆದದ್ದು ನನಗೆ.

೫. ಅಜ್ಞಾತವಾಸ

ಬೆಳಿಗ್ಗೆ ಊಟದ ಡಬ್ಬಿ ಕಟ್ಟಿ ಟ್ರೇನು ಹಿಡಿಯುವ ಹೊತ್ತು. ಮಾವ ಅಡಿಗೆಮನೆಯ ಬಾಗಿಲಲ್ಲಿ ಪೇಪರ್ ಹಿಡಿದು ನಿಲ್ಲುತ್ತಿದ್ದರು. "ನೋಡವಾ, ಮಂಗಳ ಗ್ರಹಕ್ಕ ಯಂತ್ರ ಕಳಿಸ್ಯಾರ. ನಮ್ಮ ವಾರ್ಡಿಗೆ ನೀರು ಕಳಸಾಕ ಆಗೂದಿಲ್ಲ. ನಿನ್ನ ಅಭಿಪ್ರಾಯ ಏನು?"

"ನನ್ನ ಅಭಿಪ್ರಾಯ ಅಂದ್ರೆ ಮಾವಾರ, ಒಗ್ಗರಣೆ ಸೀದು ಹೋಗ್ತಿದೆ."

"ಹಿಂಗ ಅಂದ್ರ ಚರ್ಚಾ ಹೆಂಗ ಆಗಬೇಕು? ವಿರೋಧ ಮಾಡವಾ, ವಿರೋಧ ಮಾಡು!"

ನನ್ನ ಮಗಳ ಹತ್ತಿರ ಹೋದರೆ ಅವಳು ಎಲ್ಲದಕ್ಕೂ "ಹೋ ಆಜೋಬಾ" ಎಂದು ಮರಾಠಿಯಲ್ಲಿ ಒಪ್ಪಿಬಿಡುತ್ತಿದ್ದಳು. ಒಪ್ಪುವವರ ಜೊತೆ ಮಾತಾಡಿ ಮಾವನಿಗೆ ಅಭ್ಯಾಸವೇ ಇಲ್ಲ. ಸ್ಟೇಶನ್ ಪಕ್ಕದ ಇನ್ನೊಂದು ಹೋಟೆಲಿಗೂ ಹೋಗಿ ನೋಡಿದರು. "ಅಲ್ಲಿ ಮಂದಿ ಬರೇ ಕ್ರಿಕೆಟ್ ಮಾತಾಡ್ತಾರ. ದೇಶ ಎಲ್ಲಿಗೆ ಹೊಂಟದ ಅಂತ ಒಬ್ಬಾವಗೂ ಚಿಂತಿಲ್ಲ" ಎಂದು ಬಾಡಿದ ಮುಖದಲ್ಲಿ ವಾಪಸಾದರು. ಬರಬರುತ್ತಾ ಪೇಪರನ್ನೂ ಗಟ್ಟಿಯಾಗಿ ಓದುವುದು ನಿಲ್ಲಿಸಿದರು. ಬೇಡಬೇಡ ಎಂದು ಕಿವಿ ಮುಚ್ಚಿಕೊಳ್ಳುತ್ತಿದ್ದ ನನಗೇ ಆ ಮೌನ ಕೇಳಲಾಗಲಿಲ್ಲ.

ಕೆಳಗಿನ ಸ್ಥಿತಿಯೂ ಬೇರೆ ಇರಲಿಲ್ಲ. ಒಂದು ದಿನ ಇಡ್ಲಿ ಕಟ್ಟಿಸಿಕೊಳ್ಳಲು ಹೋದೆ. ಹೋಟೆಲು ಭರ್ತಿ, ಕಿಟಕಿ ಪಕ್ಕದ ಮೇಜು ಮಾತ್ರ ಖಾಲಿ. ಯಾರಾದರೂ ಕೂರಲು ಹೋದರೆ ಶೆಟ್ಟರು ತಡೆಯುತ್ತಿದ್ದರು. "ಅಲ್ಲಿ ಬೇಡ, ಅದರ ಕಾಲು ಅಲ್ಲಾಡ್ತದೆ." ನಾನು ಮುಟ್ಟಿ ನೋಡಿದೆ. ಬಂಡೆಯ ಹಾಗೆ ನಿಂತಿತ್ತು.

ಹೋಟೆಲಿಗೆ ಹೊಸದಾಗಿ ವೈಫೈ ಬಂದಿತ್ತು. ಗಿರಾಕಿಗಳು ಕೇಳಿದರೆ ಶೆಟ್ಟರು ಪಾಸ್‌ವರ್ಡ್ ಹೇಳುತ್ತಿರಲಿಲ್ಲ. ಫೋನು ಇಸಿದುಕೊಂಡು, ಬೆನ್ನು ತಿರುಗಿಸಿ, ತಾವೇ ಒತ್ತಿ ಕೊಡುತ್ತಿದ್ದರು.

"ಅಷ್ಟೇನು ಗುಟ್ಟು ಶೆಟ್ರೇ?" ಅಂದೆ.

"ಉಂಟು ಅಕ್ಕಾ, ಸ್ವಲ್ಪ ಪರ್ಸನಲ್" ಅಂದರು, ಮುಖ ಕೆಂಪಗೆ ಮಾಡಿ.

೬. ಲೋಕಾರ್ಪಣೆ

ನಗರಪಾಲಿಕೆ ಚುನಾವಣೆ ಹತ್ತಿರ ಬಂತು. ನಮ್ಮ ವಾರ್ಡಿನ ಕಾರ್ಪೊರೇಟರ್ ಚೌಕಕ್ಕೆ ಪುಕ್ಕಟೆ ವೈಫೈ ಘೋಷಿಸಿದರು. ಹೋಟೆಲಿನ ಎದುರಿನ ಕಂಬಕ್ಕೆ ಒಂದು ಡಬ್ಬಿ ಏರಿತು. ಸಭೆಯಲ್ಲಿ ಟೆಕ್ನಾಲಜಿ ಬಗ್ಗೆ ಎರಡು ಮಾತಾಡಲು ಹಿರಿಯರೊಬ್ಬರು ಬೇಕೆಂದಾಗ ಇಡೀ ಬಿಲ್ಡಿಂಗು ಒಂದೇ ಹೆಸರು ಹೇಳಿತು. ಮಾವ ಕೂಡಲೇ ಒಪ್ಪಿದರು. ಶೆಟ್ಟರ ಹೋಟೆಲಿನ ಎದುರಿಗೇ, ಅದೂ ಮೈಕಿನಲ್ಲಿ, ಟೆಕ್ನಾಲಜಿ ಮಾತಾಡುವ ಅವಕಾಶ!

ಆ ಸಂಜೆ ತೆಂಗಿನಕಾಯಿ ಬಂತು, ರಿಬ್ಬನ್ ಬಂತು. ಕಣ್ಣಿಗೆ ಕಾಣದ ವಸ್ತುವಿಗೆ ಕಾಯಿ ಒಡೆಯುವುದು ಎಲ್ಲಿ? ಸ್ವಲ್ಪ ಚರ್ಚೆಯಾಗಿ ಕಂಬದ ಬುಡದಲ್ಲಿ ಒಡೆದರು. ಒಬ್ಬ ಏಣಿ ಹತ್ತಿ ಡಬ್ಬಿಗೆ ಚೆಂಡುಹೂವಿನ ಹಾರ ಹಾಕಿದ. ಮಾವ ಇಸ್ತ್ರಿ ಅಂಗಿಯಲ್ಲಿ ವೇದಿಕೆಯ ಮೇಲೆ, ಕತ್ತು ಹೋಟೆಲಿನ ಕಡೆ ತಿರುಗದಂತೆ ಬಿಗಿಹಿಡಿದು ಕೂತಿದ್ದರು. ಶೆಟ್ಟರು ಗಲ್ಲಾದ ಹಿಂದೆ, ಈ ಕಡೆ ನೋಡದೆ ಚಿಲ್ಲರೆ ಎಣಿಸುತ್ತಿದ್ದರು.

"ಮೊದಲ ಕನೆಕ್ಷನ್ ನಮ್ಮ ಕಾಕಾ ಅವರಿಂದ!" ಎಂದು ಕಾರ್ಪೊರೇಟರ್ ಮರಾಠಿಯಲ್ಲಿ ಸಾರಿದರು. ಮಾವ ಫೋನು ತೆಗೆದರು. ಪರದೆಯ ಮೇಲೆ ಕಾರ್ಪೊರೇಟರ್ ಹೆಸರಿನ ವೈಫೈ ಬಂದೇ ಬಂತು. ಒತ್ತಿದರು.

"ಪಾಸ್‌ವರ್ಡ್ ಕೇಳ್ತದ."

ಕಾರ್ಪೊರೇಟರ್ ತಮ್ಮ ಕಾರ್ಯಕರ್ತನ ಮುಖ ನೋಡಿದರು. ಕಾರ್ಯಕರ್ತ ಹೋಟೆಲಿನ ಕಡೆ ನೋಡಿದ. ವಿಷಯ ಇಷ್ಟು: ಕಂಬದ ಡಬ್ಬಿಗೆ ಇನ್ನೂ ಲೈನೇ ಬಂದಿರಲಿಲ್ಲ. ಆ ಒಂದು ಸಂಜೆಯ ಮಟ್ಟಿಗೆ ಶೆಟ್ಟರ ವೈಫೈಗೆ ಕಾರ್ಪೊರೇಟರ್ ಹೆಸರು ಇಟ್ಟಿದ್ದರು. ಸಭೆಯ ಮೈಕಿಗೆ ಕರೆಂಟು ಕೊಟ್ಟ ಶೆಟ್ಟರು ಇದಕ್ಕೆ ಬೇಡ ಅನ್ನುತ್ತಾರೆಯೇ? ಹೆಸರು ಬದಲಾಯಿತು, ಪಾಸ್‌ವರ್ಡ್ ಹಾಗೇ ಉಳಿಯಿತು.

ಕಾರ್ಯಕರ್ತ ಓಡಿಹೋಗಿ ಬರಿಗೈಯಲ್ಲಿ ಬಂದ. "ಶೆಟ್ಟಿ ಹೇಳುವುದಿಲ್ಲವಂತೆ."

ಕಾರ್ಪೊರೇಟರ್ ಮೈಕಿನಲ್ಲೇ ನಕ್ಕರು. "ಶೆಟ್ಟಿ ಶೇಟ್, ಜನರ ವೈಫೈ, ಜನರೆದುರೇ ಹೇಳಿ!" ಜನ ಚಪ್ಪಾಳೆ ಹೊಡೆದರು. ಇನ್ನೊಂದು ಮೈಕು ಕೈಯಿಂದ ಕೈಗೆ ದಾಟಿ ಗಲ್ಲಾಕ್ಕೆ ತಲುಪಿತು. ಶೆಟ್ಟರು ದೇವರ ಪಟದ ಕಡೆ ಒಮ್ಮೆ ನೋಡಿ, ಕಣ್ಣು ಮುಚ್ಚಿ, ಒಂದೊಂದೇ ಇಂಗ್ಲಿಷ್ ಅಕ್ಷರ ಹೇಳತೊಡಗಿದರು.

"ಎಸ್... ಎ... ಎಮ್..."

ಮಾವ ಒಂದೇ ಬೆರಳಿನಲ್ಲಿ ಒತ್ತುತ್ತಾ, ಪ್ರತಿ ಅಕ್ಷರವನ್ನೂ ತಮ್ಮ ಮೈಕಿನಲ್ಲಿ ತಿರುಗಿ ಹೇಳಿದರು. ಸಾಂಬಾರ್ ಎಂದು ತಿಳಿದ ಕೂಡಲೇ ಜನ ನಕ್ಕರು. ಹೋಟೆಲಿನವರಲ್ಲವೇ, ಇನ್ನೇನು ಇಟ್ಟಾರು! ಶೆಟ್ಟರು ನಿಲ್ಲಿಸಲಿಲ್ಲ.

"ಎನ್... ಇ... ಇ... ಆರ್... ಎ... ಎಲ್... ಎಲ್... ಎ."

ಮರಾಠಿ ಜನಕ್ಕೆ ಮುಂದಿನದು ಏನೂ ತಿಳಿಯಲಿಲ್ಲ. ಕೆಳಗೆ ನಿಂತ ನನಗೆ ತಿಳಿಯಿತು. ಮಾವನ ಬೆರಳು ಕೊನೆಯ ಅಕ್ಷರದ ಮೇಲೆ ಗಾಳಿಯಲ್ಲೇ ನಿಂತಿತು. ಸಾಂಬಾರ್ ನೀರಲ್ಲ! ಇಷ್ಟು ದಿನ ಶೆಟ್ಟರು ಗಿರಾಕಿಗಳ ಫೋನಿನಲ್ಲಿ, ಬೆನ್ನು ತಿರುಗಿಸಿ, ನಮ್ಮ ಮಾವನಿಗೆ ಉತ್ತರ ಕೊಡುತ್ತಿದ್ದರು.

ಮಾವ ಫೋನು ಎಸೆದು ಇಳಿದುಬಿಡುತ್ತಾರೆ ಅಂದುಕೊಂಡೆ. ಅವರು ಕೊನೆಯ ಅಕ್ಷರ ಒತ್ತಿದರು. ಕನೆಕ್ಟ್ ಆಯಿತು. ಪಟಾಕಿ ಹಾರಿತು. "ಕಾಕಾ, ಟೆಕ್ನಾಲಜಿ ಬಗ್ಗೆ ಎರಡು ಮಾತು!"

ಬರೆದುಕೊಂಡು ಬಂದ ಭಾಷಣ ಜೇಬಿನಲ್ಲೇ ಉಳಿಯಿತು. ಮಾವ ಮೊದಲ ಸಲ ಹೋಟೆಲಿನ ಕಡೆ ತಿರುಗಿದರು. "ಶೆಟ್ರ, ಅವತ್ತು ಸಿಟ್ಟಿನ್ಯಾಗ ಅಂದೆ. ದಪ್ಪ ಅದ. ಭಾಳ ದಪ್ಪ ಅದ."

"ಬನ್ನಿ ರಾಯರೇ!" ಶೆಟ್ಟರು ತಮ್ಮ ಕೈಯಲ್ಲೂ ಮೈಕು ಇರುವುದನ್ನು ಮರೆತು ಕೂಗಿದರು. ಚೌಕದ ನಾಯಿಗಳೆಲ್ಲ ಎದ್ದು ನಿಂತವು. ಕಾಕಾ ತಮ್ಮ ಕಾರ್ಯವನ್ನು ಮಾತೃಭಾಷೆಯಲ್ಲಿ ಹೊಗಳಿದರೆಂದುಕೊಂಡು ಕಾರ್ಪೊರೇಟರ್ ಕೈಮುಗಿದು, ಎಲ್ಲರಿಗಿಂತ ಜೋರಾಗಿ ಚಪ್ಪಾಳೆ ಹೊಡೆದರು.

ಕಂಬದ ಡಬ್ಬಿಗೆ ಲೈನು ಬರಲೇ ಇಲ್ಲ. ಒಣಗಿದ ಹಾರದ ನಡುವೆ ಕಾಗೆ ಸಂಸಾರ ಹೂಡಿತು. ಕಿಟಕಿ ಪಕ್ಕದ ಮೇಜಿನ ಕಾಲು ಮಾತ್ರ ಆ ಸಂಜೆಯಿಂದಲೇ ಸರಿಹೋಯಿತು. ಬೋರ್ಡಿನ ಎರಡನೇ ಸಾಲನ್ನು ಅಳಿಸಿದರೆ ಶೆಟ್ಟರ ಮರ್ಯಾದೆಯ ಪ್ರಶ್ನೆ. ಹಾಗಾಗಿ ಅವರು ಅಳಿಸಲಿಲ್ಲ. ಹೇಗೂ ಊರಿಗೆಲ್ಲ ತಿಳಿದುಹೋದ ಪಾಸ್‌ವರ್ಡನ್ನು ಕಾಗದದ ಮೇಲೆ ದಪ್ಪ ಅಕ್ಷರದಲ್ಲಿ ಬರೆದು, ಸರಿಯಾಗಿ ಆ ಸಾಲಿನ ಮೇಲೆಯೇ ಅಂಟಿಸಿದರು.

ಈಗ ಮಾವ ದಿನಾ ಬೆಳಿಗ್ಗೆ ಒಂದೇ ಬೆರಳಿನಲ್ಲಿ ಸಾಂಬಾರ್ ನೀರಲ್ಲ ಎಂದು ಒತ್ತಿ, ಆಮೇಲೆ ದೇಶದ ಸುದ್ದಿ ಬಿಚ್ಚುತ್ತಾರೆ. ಮೊನ್ನೆ ಕೊತ್ತಂಬರಿ ಹಿಡಿದು ಹೋಗುತ್ತಿದ್ದವಳು ನಿಂತು ಕೇಳಿದೆ: "ಹಾಗಾದ್ರೆ ಒಪ್ಪಿಬಿಟ್ರಾ ಮಾವಾರ, ಸಾಂಬಾರ್ ನೀರಲ್ಲ ಅಂತ?"

ಶೆಟ್ಟರು ಗಲ್ಲಾದಲ್ಲಿ ಇಲ್ಲದ್ದನ್ನು ಖಾತ್ರಿ ಮಾಡಿಕೊಂಡು, ಮಾವ ನನ್ನ ಕಡೆ ಬಗ್ಗಿದರು.

"ಪಾಸ್‌ವರ್ಡ್ ಖರೇ ಇರಬೇಕಂತ ಯಾರು ಹೇಳ್ಯಾರವಾ? ಅದು ಟೆಕ್ನಾಲಜಿ!"