ರಾಗಿ ಹೊಲ ಕಾದ ಚೈನ್ ಗಾಡಿ

ಗಂಡ ತೀರಿಕೊಂಡ ಮೇಲೆ ಹೆಂಗಸರಿಗೆ ಏನಾದರೊಂದು ಉಳಿಯುತ್ತದೆ. ಕೆಲವರಿಗೆ ಹೊಲ, ಕೆಲವರಿಗೆ ಮನೆ, ಕೆಲವರಿಗೆ ಗೂಟಕ್ಕೆ ತೂಗುಹಾಕಿದ ಒಂದು ಅಂಗಿ. ನನಗೆ ಉಳಿದದ್ದು ಮಣ್ಣು ತೋಡುವ ಯಂತ್ರ. ನಮ್ಮ ಮನೆಗಿಂತ ಎತ್ತರ, ಅಡಿಗೆಮನೆಗಿಂತ ಅಗಲ, ಬಣ್ಣ ಹಳದಿ. ನೀವು ನನ್ನನ್ನು ಭಾರಿ ಗಟ್ಟಿಗಿತ್ತಿ ಎಂದುಕೊಳ್ಳುವ ಮೊದಲೇ ಹೇಳಿಬಿಡುತ್ತೇನೆ: ನನಗೆ ಸೈಕಲ್ ತುಳಿಯಲು ಬರುವುದಿಲ್ಲ. ತಾಳವಾಡಿಯ ಶಾಲೆಗೆ ಹತ್ತನೆಯ ತರಗತಿಯವರೆಗೂ ನಡೆದುಕೊಂಡೇ ಹೋಗಿ ಬಂದವಳು. ಮನೆಯ ಗ್ರೈಂಡರ್ ಸ್ವಿಚ್ ಹಾಕುವಾಗ ಈಗಲೂ ಒಂದು ಹೆಜ್ಜೆ ಹಿಂದೆ ನಿಂತು, ಮುಖ ಆ ಕಡೆ ತಿರುಗಿಸಿ, ಕೈ ಮಾತ್ರ ಚಾಚುತ್ತೇನೆ. ಇಂಥವಳ ಪಾಲಿಗೆ ಅಂಥದ್ದು ಬಂತು.

ಟೈರುಗಳ ಬದಲು ಕಬ್ಬಿಣದ ಪಟ್ಟಿಗಳ ಮೇಲೆ ಉರುಳುವುದರಿಂದ ನಮ್ಮ ಕಡೆ ಅದನ್ನು ಚೈನ್ ಗಾಡಿ ಎನ್ನುತ್ತಾರೆ. ಕೆಸರು, ಬಂಡೆ, ಹಳ್ಳ, ಎಲ್ಲಿ ಬೇಕಾದರೂ ಹತ್ತಿ ಇಳಿಯುತ್ತದೆ. ಟಾರು ರಸ್ತೆಯಲ್ಲಿ ಮಾತ್ರ ನಡೆಯುವಂತಿಲ್ಲ. ನಡೆದರೆ ರಸ್ತೆಯನ್ನೇ ಉತ್ತುಬಿಡುತ್ತದೆ. ಆದ್ದರಿಂದ ಅದು ಕೆಲಸಕ್ಕೆ ಹೋಗಬೇಕಾದರೆ ಕೆಳಗಿನ ಸತ್ಯಮಂಗಲದಿಂದ ಉದ್ದನೆಯ ಟ್ರೈಲರ್ ಲಾರಿಯೊಂದು ದಿಂಬಂ ಘಾಟಿಯ ತಿರುವುಗಳನ್ನೆಲ್ಲ ಸುತ್ತಿಕೊಂಡು ಮೇಲೆ ಬರಬೇಕು. ಅದರ ಬೆನ್ನ ಮೇಲೆ ಕುಳಿತು ಇದು ಹೊರಡಬೇಕು. "ಮೆರವಣಿಗೆಯಲ್ಲಿ ಕೂಲಿಗೆ ಹೋಗೋ ಆಳು ಲೋಕದಲ್ಲಿ ಇದೊಂದೇ" ಎಂದು ನಾನೊಮ್ಮೆ ಅಂದಿದ್ದೆ. ನಮ್ಮ ಮನೆಯವರು ಅದನ್ನು ಸಿಕ್ಕಸಿಕ್ಕವರಿಗೆಲ್ಲ ಹೇಳಿಕೊಂಡು ನಕ್ಕರು. ನಾನು ಆಡಿದ ಮಾತುಗಳಲ್ಲಿ ನಾಲ್ಕು ಜನಕ್ಕೆ ತಲುಪಿದ್ದು ಅದೊಂದೇ ಇರಬೇಕು.

ಏಕೆಂದರೆ ನನಗೆ ಮಾತು ಕಡಿಮೆ. ಅದರಲ್ಲೂ 'ಬೇಡ' ಎಂಬ ಮಾತು ಬಾಯಿಗೆ ಬರುವುದೇ ಇಲ್ಲ. ಯಾರು ಏನು ಕೇಳಿದರೂ 'ಹೂಂ' ಎಂದುಬಿಡುತ್ತೇನೆ. ಮನೆ ತುಂಬ ಪ್ಲಾಸ್ಟಿಕ್ ಬಕೆಟ್ಟುಗಳಿರುವುದು, ಯಾರೂ ತಿನ್ನದ ಹಾಗಲಕಾಯಿ ವಾರವಾರವೂ ಬರುವುದು, ಎಲ್ಲ ಈ ಹೂಂನ ಫಲವೇ. ನಮ್ಮ ಮನೆಯವರು ಮಾತ್ರ ನನ್ನ ಬಾಯಿ ನೋಡುತ್ತಿರಲಿಲ್ಲ, ಕೈ ನೋಡುತ್ತಿದ್ದರು. ನಾನು ಹೂಂ ಎನ್ನುತ್ತ ಸೆರಗಿನ ತುದಿ ಹಿಂಡತೊಡಗಿದರೆ, "ಓ, ಅವಳಿಗಿಷ್ಟ ಇಲ್ಲ ಕಣ್ರಪ್ಪ" ಎಂದು ಅವರೇ ಹೇಳಿಬಿಡುತ್ತಿದ್ದರು. ಅವರು ಹೋದ ಮೇಲೆ ನನ್ನ ಸೆರಗು ನೋಡುವವರಿಲ್ಲ.

ಅವರು ಹೋದದ್ದು ಒಂದು ಬೆಳಿಗ್ಗೆ. ಕಾಫಿ ಕುಡಿದು ಲೋಟ ಕೆಳಗಿಟ್ಟವರು ಎದೆ ಹಿಡಿದುಕೊಂಡು ಗೋಡೆಗೆ ಒರಗಿದರು. ಅಷ್ಟೇ. ನಾವು ಶಿವನ ಒಕ್ಕಲು. ನಮ್ಮಲ್ಲಿ ಸತ್ತವರನ್ನು ಗುಂಡಿ ತೋಡಿ ಕೂರಿಸಿ ಮಣ್ಣು ಮಾಡುತ್ತಾರೆ. ಗಾಡಿ ಆಗ ತಿಗನಾರೆಯಲ್ಲಿ ಮಾದಪ್ಪ ಎಂಬುವರ ಹೊಲದಲ್ಲಿ ನೀರಿನ ಹೊಂಡ ತೋಡುತ್ತಿತ್ತು. ನಮ್ಮ ತೋಟದಲ್ಲಿ ಹಾರೆ ಗುದ್ದಲಿ ಹಿಡಿದವರಿಗೆ ಮೊಣಕಾಲಿನಾಳಕ್ಕೇ ಬಂಡೆ ಸಿಕ್ಕಿತು. "ಗಾಡಿ ತರ್ಸುದ್ರೆ ಆಗ್ತಿತ್ತು" ಎಂದು ಯಾರೋ ಅಂದರು. "ಅವ್ನ ಗಾಡೀಲೇ ಅವ್ನಿಗೆ ಗುಂಡಿಯಾ? ಬಾಯ್ ಮುಚ್ಕಂಡು ಅಗೀಲಾ" ಎಂದು ಊರ ಹಿರಿಯರೊಬ್ಬರು ಗದರಿದರು. ನಾನು ಜಗಲಿಯಲ್ಲಿ ಕುಳಿತು ಎಲ್ಲವನ್ನೂ ಕೇಳಿಸಿಕೊಳ್ಳುತ್ತಿದ್ದೆ. ನಮ್ಮ ಮನೆಯವರಿಗೊಂದು ಅಭ್ಯಾಸವಿತ್ತು. ಯಾರ ಸಾವಿಗೆ ಹೋದರೂ ಮೊದಲು ಗುಂಡಿಯನ್ನು ನೋಡಿ ಬರುತ್ತಿದ್ದರು. ಮನೆಗೆ ಬಂದು ಸ್ನಾನ ಮಾಡಿ, "ಪಾಪ, ಒಳ್ಳೆ ಮನುಷ್ಯ. ಗುಂಡಿ ಮಾತ್ರ ವಾರೆ" ಎನ್ನುತ್ತಿದ್ದರು. ಮಣ್ಣು ಹಾಕಲು ನನ್ನನ್ನು ಕರೆದೊಯ್ದಾಗ ನೋಡಿದರೆ ಅವರದೇ ಗುಂಡಿಯ ಒಂದು ಮಗ್ಗುಲು ಬಂಡೆಯಿಂದಾಗಿ ಓರೆಯಾಗಿ ಕುಳಿತಿತ್ತು. ಅದನ್ನು ಕಂಡು ಆ ಹೊತ್ತಿನಲ್ಲಿ ನನಗೆ ನಗು ಬಂತು. ಸೆರಗನ್ನು ಬಾಯಿಗೆ ಒತ್ತಿಕೊಂಡೆ. ಅಳು ತಡೆಯುತ್ತಿದ್ದಾಳೆ ಎಂದು ಪಕ್ಕದವರು ಬೆನ್ನು ಸವರಿದರು. ಅದೂ ಸುಳ್ಳಲ್ಲ.

ಗಾಡಿ ತಿಗನಾರೆಯಲ್ಲೇ ಉಳಿಯಿತು. ನನಗೆ ಅದನ್ನು ನೋಡುವ ಧೈರ್ಯವಿರಲಿಲ್ಲ. ಅದನ್ನು ಓಡಿಸುತ್ತಿದ್ದ ಮುರುಗೇಶ ಸೇಲಂ ಕಡೆಯವನು; ಊರಿಗೆ ಹೋಗಿ ಕುಳಿತ. ಮಳೆ ಬಂತು, ರಾಗಿ ಬಿತ್ತಿದರು, ಪೈರು ಎದ್ದಿತು. ಒಂದು ದಿನ ಮೈದುನ ನಂಜುಂಡ ಬಂದು ಜಗಲಿಯ ಮೇಲೆ ಕುಳಿತ. "ಅತ್ಗೆ, ಸತ್ಯಮಂಗಲದಲ್ಲಿ ಒಂದ್ ಪಾರ್ಟಿ ಅದೆ. ಗಾಡಿ ಕೇಳ್ತಾವ್ರೆ. ನಿಮ್ಗ್ಯಾಕ ಈ ತಲ್ನೋವು? ಕೊಟ್ಬುಡನಾ?" ಎಂದ. ನಾನು ಹೂಂ ಎಂದೆ. ಕೈ ಸೆರಗು ಹಿಂಡುತ್ತಿತ್ತು. ನಂಜುಂಡ ಒಳ್ಳೆಯವನು, ಆದರೆ ಅವನು ನೋಡುತ್ತಿದ್ದದ್ದು ತನ್ನ ಹೊಸ ಮೊಬೈಲ್ ಫೋನನ್ನು.

ಅವನು ಹೋದ ಮೇಲೆ ನನಗೆ ಅನ್ನ ಸೇರಲಿಲ್ಲ. ಗಾಡಿ ಬೇಕು ಎನ್ನಲು ನನ್ನ ಬಳಿ ಒಂದು ಕಾರಣವೂ ಇಲ್ಲ. ಓಡಿಸಲು ಬಾರದು, ನಡೆಸಲು ತಿಳಿಯದು, ಡೀಸಲ್ ವಾಸನೆಗೆ ತಲೆನೋವು ಬರುತ್ತದೆ. ಆದರೂ ಅದು ಘಾಟಿ ಇಳಿದು ಹೋಯಿತೆಂದರೆ ಅವರು ಇನ್ನೊಂದು ಸಲ ಹೋದಂತೆ ಎನಿಸಿತು. ಇದನ್ನು ಯಾರಿಗೆ ಹೇಳುವುದು? ಹೇಳುವುದಿರಲಿ, ಟ್ರೈಲರ್ ಬಂದ ದಿನ "ನೀವೂ ಬತ್ತೀರಾ ಅತ್ಗೆ?" ಎಂದು ನಂಜುಂಡ ಕೇಳಿದ್ದಕ್ಕೂ ಹೂಂ ಎಂದು ಲಾರಿ ಹತ್ತಿ ಕುಳಿತೆ. ಮುರುಗೇಶನೂ ಬಂದಿದ್ದ.

ತಿಗನಾರೆ ತಲುಪಿ ನೋಡಿದರೆ ನಾವು ಬಿಟ್ಟ ಗಾಡಿ ಅಲ್ಲಿರಲಿಲ್ಲ. ಎಂದರೆ ಇತ್ತು; ಆದರೆ ಹಾಗಿರಲಿಲ್ಲ. ಮುರುಗೇಶ ಅವಸರದಲ್ಲಿ ಅದರ ಉದ್ದನೆಯ ಕೈಯನ್ನು ಮೇಲೆತ್ತಿಯೇ ಬಿಟ್ಟು ಹೋಗಿದ್ದ. ಆ ಕೈಗೆ ಯಾರೋ ಚೆಂಡುಹೂವಿನ ಹಾರ ಕಟ್ಟಿದ್ದರು. ಮಣ್ಣು ಬಗೆಯುವ ಬಕೆಟ್ಟಿಗೆ ಮೂರು ಪಟ್ಟೆ ವಿಭೂತಿ ಬಳಿದಿದ್ದರು. ಮುಂದೆ ಒಂದು ಕಲ್ಲಿನ ಮೇಲೆ ಎಣ್ಣೆ ಆರಿದ ಹಣತೆ. ಸುತ್ತಲೂ ಮಾದಪ್ಪನ ರಾಗಿ, ಸೊಂಟದೆತ್ತರಕ್ಕೆ. ಟ್ರೈಲರ್ ಸದ್ದಿಗೆ ಅಕ್ಕಪಕ್ಕದ ಹೊಲಗಳಿಂದ ಜನ ಓಡಿ ಬಂದರು. ಎಲ್ಲರಿಗಿಂತ ಮುಂದೆ ಮಾದಪ್ಪನ ತಾಯಿ ಪುಟ್ಟಮ್ಮ, ಕೈಯಲ್ಲಿ ಕುಡುಗೋಲು.

"ಎಲ್ಲಿಗ್ಲಾ ತಕ್ಕೊಂಡೋದೀಯ ಅದ?" ಎಂದು ಮುದುಕಿ ನಂಜುಂಡನನ್ನು ತಡೆದಳು.

"ನಮ್ ಗಾಡಿ ಕಣಜ್ಜಿ. ಮಾರಿದ್ದೀವಿ."

"ನಿಮ್ದೇ ಇರ್ಲಿ, ಯಾರ್ ಇಲ್ಲ ಅಂದ್ರು? ಇದು ಇಲ್ಲಿ ನಿಂತ ಮ್ಯಾಲ ಒಂದ್ ಆನೆ ಈ ಕಡೆ ತಲೆ ಆಕಿಲ್ಲ. ವರ್ಸಾ ವರ್ಸಾ ತುಳ್ದು ಓಗೋವು. ಈಗ ನೋಡು, ಸೊಂಡ್ಲು ಎತ್ಕಂಡು ನಿಂತದೆ. ಅವು ಕಾಡಂಚಿಂದ ನೋಡ್ತವೆ, ನಮಗಿಂತ ದೊಡ್ಡಾನೆ ಒಂದದೆ ಅಂತ ಇಂದಕ್ ಓಯ್ತವೆ. ರಾಗಿ ಕುಯ್ಯೋಗಂಟ ಬುಡಕಾಗಕಿಲ್ಲ."

"ಪಾಟಿ, ಅದು ವಂಡಿ, ಗಾಡಿ. ಆನೆ ಅಲ್ಲ" ಎಂದ ಮುರುಗೇಶ ಅಜ್ಜಿಗೆ, ತನ್ನ ತಮಿಳು ಬೆರೆತ ಕನ್ನಡದಲ್ಲಿ.

"ನಂಗೊತ್ತು ಕಣಪ್ಪ. ಆನೆಗ್ ಗೊತ್ತಾ?" ಎಂದಳು ಪುಟ್ಟಮ್ಮ.

ನಂಜುಂಡ ಪಾರ್ಟಿ ಕಾಯುತ್ತಿದೆ ಎಂದ, ಟ್ರೈಲರ್ ಇವತ್ತೇ ಇಳಿಯಬೇಕು ಎಂದ, ಪೊಲೀಸ್ ಎಂದೂ ಒಮ್ಮೆ ಅಂದು ನೋಡಿದ. ಟ್ರೈಲರ್ ಡ್ರೈವರ್ ಇದು ಬೇಗ ಮುಗಿಯುವುದಲ್ಲವೆಂದು ಮರದಡಿ ಟವಲ್ಲು ಹಾಸಿಕೊಂಡ. ಕೊನೆಗೆ ಪುಟ್ಟಮ್ಮ ನನ್ನ ಕಡೆ ತಿರುಗಿ, "ನೀ ಏಳವ್ವ. ಗಾಡಿ ನಿನ್ನದಂತೆ. ಬುಟ್ಟೋದೀಯಾ, ತಕ್ಕೊಂಡೋದೀಯಾ?" ಎಂದಳು. ಬಿಟ್ಟು ಹೋಗುತ್ತೀಯಾ ಎಂದದ್ದಕ್ಕೆ ಹೂಂ ಎನ್ನಬೇಕು, ತೆಗೆದುಕೊಂಡು ಹೋಗುತ್ತೀಯಾ ಎಂದದ್ದಕ್ಕೂ ಹೂಂ ಎನ್ನಬೇಕು. ಜನವೆಲ್ಲ ನನ್ನನ್ನೇ ನೋಡುತ್ತಿದೆ. ನಾನು ಅವರ ಮುಖ ನೋಡಲಾರದೆ ಆ ಕಡೆ ನೋಡಿದೆ. ಗಾಡಿಯ ಹಿಂದೆ ಅರ್ಧ ತೋಡಿದ ಹೊಂಡ. ಅರ್ಧ ತೋಡಿದ ಗುಂಡಿ ಬಿಟ್ಟು ಗಾಡಿಯನ್ನು ಟ್ರೈಲರ್‌ಗೆ ಹತ್ತಿಸುವ ಪದ್ಧತಿ ನಮ್ಮ ಮನೆಯವರಲ್ಲಿರಲಿಲ್ಲ. ಊರಿನ ಯಾರದೋ ಮದುವೆಯಿದ್ದರೂ ಗುಂಡಿ ಮುಗಿಸಿಯೇ ಬರುತ್ತಿದ್ದರು.

"ಗುಂಡಿ ಇನ್ನೂ ಅರ್ಧ ಅದೆ" ಎಂದೆ. "ಒಪ್ಕೊಂಡ ಕೆಲ್ಸ. ಮೊದ್ಲು ಅದು ಮುಗೀಲಿ."

ಒಂದೇ ಉಸಿರಿಗೆ ಇಷ್ಟು ಮಾತು ನನ್ನ ಬಾಯಿಂದ ಬಂದದ್ದು ಕಂಡು ನಂಜುಂಡ ಫೋನು ಜೇಬಿಗಿಟ್ಟ.

ಮುರುಗೇಶ ಕ್ಯಾಬಿನ್ನಿನ ಬಾಗಿಲು ತೆಗೆದವನು ಚೀರಿಕೊಂಡು ಹಿಂದಕ್ಕೆ ಹಾರಿದ. ಅವನು ಕೂರುವ ಸೀಟಿನಲ್ಲಿ ಪುಟ್ಟಮ್ಮನ ಕೋಳಿ ಕಾವಿಗೆ ಕುಳಿತಿತ್ತು. ಅದರ ಕೆಳಗೆ ನೀಲಿ ಅಂಚಿನ ಒಂದು ಟವಲ್ಲು. ಒಗೆದು ಒಗೆದು ನನ್ನ ಕೈಗೆ ಗುರುತಿದ್ದ ಟವಲ್ಲು. "ನಿಮ್ ಯಜಮಾನ್ರುದ್ದೇ ಕಣವ್ವ. ಮೆತ್ಗಿತ್ತು, ಕೋಳಿಗೆ ಇಡುಸ್ಬುಡ್ತು. ಬೇಕಾ?" ಎಂದು ಪುಟ್ಟಮ್ಮ ದನಿ ತಗ್ಗಿಸಿದಳು. ಅವರ ಟವಲ್ಲು ಇನ್ನೂ ಬೆಚ್ಚಗಿತ್ತು. ಕೋಳಿಯಿಂದಲೇ ಇರಲಿ. "ಇರ್ಲಿ ಬುಡಿ, ಮರಿ ಆಗ್ಲಿ" ಎಂದು ಟವಲ್ಲಿನ ಸಮೇತ ಕೋಳಿಯನ್ನು ಬುಟ್ಟಿಗೆ ದಾಟಿಸಿದೆ. ಅದು ನನ್ನ ಕೈಗೆ ಎರಡು ಸಲ ಕುಕ್ಕಿತು.

ಕೆಲಸ ಶುರು ಮಾಡುವ ಮುನ್ನ ಚೈನಿನ ಕೆಳಗೆ ನಿಂಬೆಹಣ್ಣು ಇಡುವುದು ರೂಢಿ. ಇಡುವುದು ಯಜಮಾನನ ಕೈ. ಮುರುಗೇಶ ಹಣ್ಣು ಹಿಡಿದು ಅತ್ತ ಇತ್ತ ನೋಡಿದ. ನಾನು ಹಿಂದೆ ಸರಿದೆ. ಇಂಥದ್ದಕ್ಕೆಲ್ಲ ಈಗ ನನ್ನ ಕೈ ಆಗದು ಎಂದು ಯಾರೂ ಹೇಳಬೇಕಿರಲಿಲ್ಲ. ನಂಜುಂಡ ಕೈ ಚಾಚಿದ. ಪುಟ್ಟಮ್ಮ ನಡುವೆ ನುಗ್ಗಿ ಹಣ್ಣು ಕಿತ್ತುಕೊಂಡು ನನ್ನ ಕೈಗೆ ತುರುಕಿದಳು. "ಇಂದಿಂದಕ್ ಯಾಕ್ ಓದೀಯ? ನಾನೂ ಮುಂಡೆನೇ ಕಣವ್ವ. ನಾ ಬಿತ್ತುದ್ ರಾಗಿ ಮೊಳೀನಿಲ್ವಾ? ಇಡು, ಒತ್ತಾಯ್ತದೆ."

ಇಟ್ಟೆ. ಬ್ಯಾಟರಿ ಸತ್ತಿದ್ದರಿಂದ ಟ್ರೈಲರ್ ಲಾರಿಯ ಬ್ಯಾಟರಿಗೆ ವಯರು ಕೊಟ್ಟು ಕೀಲಿ ತಿರುಗಿಸಿದರು. ಗಾಡಿ ಒಮ್ಮೆ ಗೊರಗುಟ್ಟಿ ಸುಮ್ಮನಾಯಿತು. ಇನ್ನೊಮ್ಮೆ ತಿರುಗಿಸಿದರು; ಅದೂ ಅಷ್ಟೇ. ಓಡದ ಗಾಡಿಯನ್ನು ಉಳಿಸಿಕೊಳ್ಳಲು ನನಗೆ ಇನ್ನು ಯಾವ ಬಾಯಿ? ಸತ್ಯಮಂಗಲದವರು ತಾವು ಹೇಳಿದ ಬೆಲೆಗೆ ಗುಜರಿಗೆ ಎತ್ತಿಕೊಂಡು ಹೋಗುತ್ತಾರೆ. ಸೆರಗು ಹಿಂಡಿ ಹಗ್ಗವಾಯಿತು. ಮತ್ತೊಮ್ಮೆ ಗೊರಗೊರ ಎಂದು, ಕೆಮ್ಮಿ, ಕಪ್ಪು ಹೊಗೆಯನ್ನು ಹಾರದ ಮೇಲೆಲ್ಲ ಉಗಿದು, ಮೈ ಅದುರಿಸಿಕೊಂಡು ಎದ್ದಿತು. ಜನ ಕೇಕೆ ಹಾಕಿದರು. ಇಷ್ಟು ತಿಂಗಳು ಎದೆಯ ಮೇಲಿದ್ದ ಕಲ್ಲನ್ನು ಅದೇ ಬಕೆಟ್ಟಿನಿಂದ ಎತ್ತಿ ಆಚೆ ಇಟ್ಟಂತಾಯಿತು ನನಗೆ. ಡೀಸಲ್ ವಾಸನೆಗೆ ತಲೆ ನೋಯಲಿಲ್ಲ.

ಸಂಜೆಯ ಹೊತ್ತಿಗೆ ಹೊಂಡ ಮುಗಿಯಿತು. ಆದರೆ ರಾಗಿ ಕೊಯ್ಯುವವರೆಗೆ ಗಾಡಿ ಬಿಡುವುದಿಲ್ಲ ಎಂಬ ಮಾತು ಮುಗಿದಿರಲಿಲ್ಲ. ತಡವಾಗುತ್ತದೆ ಎಂದು ಪಾರ್ಟಿಗೆ ತಿಳಿಸಲು ನಂಜುಂಡ ಸಿಗ್ನಲ್ ಹುಡುಕಿಕೊಂಡು ಹೊಲದಂಚಿನ ಬಂಡೆ ಹತ್ತಿದ. ಮೇಲೆ ನಿಂತು ಅವನು ಕೂಗುತ್ತಿದ್ದದ್ದು ಊರಿಗೆಲ್ಲ ಕೇಳಿಸಿತು. "ಆನೆ ಸಾರ್, ಆನೆ! ಇಲ್ಲ ಸಾರ್, ಆನೆ ಗಾಡಿ ಇಡ್ಕಂಡಿಲ್ಲ, ಆನೆ ಬರ್ಬಾರ್ದು ಅಂತ ಜನ ಇಡ್ಕಂಡವ್ರೆ!" ಇಷ್ಟು ಕೇಳಿದ ಮೇಲೆ ಯಾವ ಪಾರ್ಟಿ ತಾನೇ ನಿಲ್ಲುತ್ತದೆ? ಗೋಬಿ ಪಟ್ಟಣದಲ್ಲಿ ಬೇರೆ ಗಾಡಿ ನೋಡಿಕೊಳ್ಳುತ್ತೇವೆ ಎಂದು ಫೋನಿಟ್ಟರಂತೆ. ನಂಜುಂಡ ಬಂಡೆ ಇಳಿದು ಬಂದು, ಸತ್ತ ಸುದ್ದಿ ತಂದವನ ಹಾಗೆ ನನ್ನೆದುರು ನಿಂತು ಹೇಳಿದ.

"ಇನ್ನು ಮಾರೋದ್ ಬ್ಯಾಡ ನಂಜುಂಡ" ಎಂದೆ.

ಅವನು ತಲೆ ಕೆರೆದುಕೊಂಡ. "ಮೊದ್ಲೇ ಏಳ್ಬಾರ್ದಾ ಅತ್ಗೆ? ನೀವು ಅದ ನೋಡುದ್ರೆ ಅಳ್ತೀರಿ ಅಂತ ನಾ ಮಾರಾಕ್ ಒಂಟಿದ್ದು. ನಂಗೂ ಮನ್ಸಿರ್ನಿಲ್ಲ." ಇಬ್ಬರೂ ಒಬ್ಬರ ಮೇಲೊಬ್ಬರು ಕರುಣೆ ತೋರಿಸುತ್ತ ಗಾಡಿಯನ್ನು ಘಾಟಿಯಿಂದ ಇಳಿಸಿಯೇ ಬಿಡುತ್ತಿದ್ದೆವು.

ಗಾಡಿ ಮತ್ತೆ ಕೈಯೆತ್ತಿಕೊಂಡು ನಿಂತಿತು. ಕೊಯ್ಲಿಗೆ ಸ್ವಲ್ಪ ಮುಂಚೆ ಪುಟ್ಟಮ್ಮ ಬಸ್ಸು ಹತ್ತಿ ತಾಳವಾಡಿಗೆ ಬಂದು ನಮ್ಮ ಅಂಗಳದಲ್ಲಿ ನಿಂತಳು. ಕಾಫಿಯೂ ಬೇಡ ಎಂದಳು. "ನಿನ್ ಗಾಡಿ ಏನ್ ಕಾವ್ಲು ಕಾಯ್ತವ್ವಾ! ಆನೆ ಬಂತು. ಬಂದು ಅದಕ್ಕೇ ಬೆನ್ ಉಜ್ಕಂಡು, ಆ ಕಡೆ ಮೈ, ಈ ಕಡೆ ಮೈ ಕೆರ್ಕಂಡು, ಅದ್ರ ನೆಳ್ಳಲ್ಲೇ ನಿಂತು ಒಂದ್ ಮೂಲೆ ರಾಗಿ ತಿಂದ್ಕಂಡು ಓಯ್ತು. ನಾವೇ ಕೆರ್ಕಳಾಕ ಕಂಬ ನೆಟ್ಕೊಟ್ಟಂಗಾಯ್ತು. ಇಬೂತಿ ನಾನೇ ಒರ್ಸಾಕ್ಬುಟ್ಟಿ. ಎತ್ತಾಕ್ಕಂಡೋಗು ಅದ!" ದೇವರ ಪದವಿಯಿಂದ ಇಳಿದ ಗಾಡಿಗೆ ಅದೇ ವಾರ ತಾಳಮಲೆಯಲ್ಲಿ ಒಂದು ಹೊಂಡದ ಕೆಲಸ ಸಿಕ್ಕಿತು.

ಟ್ರೈಲರ್ ಮುಂದಿನ ಸೀಟಿನಲ್ಲಿ ಕಿಟಕಿಯ ಪಕ್ಕ ನಾನು, ನಡುವೆ ನಂಜುಂಡ ಮತ್ತು ಮುರುಗೇಶ. ಕಾಡಿನ ಗೇಟಿನಲ್ಲಿ ಗಾರ್ಡು ಕೈ ಅಡ್ಡ ಹಿಡಿದು, "ಯಾರ್ದು ಗಾಡಿ?" ಎಂದ. ಅವನು ನಂಜುಂಡನ ಜೊತೆ ಓದಿದವನು. ಇವನು ತಲೆ ಹೊರಗೆ ಹಾಕಿ "ನಮ್ದೇ ಕಣ್ಲಾ" ಎಂದಿದ್ದರೆ ಗೇಟು ಎದ್ದುಬಿಡುತ್ತಿತ್ತು. ಅಷ್ಟರಲ್ಲಿ ನಾನು, "ನನ್ನದು!" ಎಂದೆ. ಸ್ವಲ್ಪ ಗಟ್ಟಿಯಾಗಿಯೇ ಅಂದೆನೆಂದು ಕಾಣುತ್ತದೆ. ಗಾರ್ಡು ಬೆಚ್ಚಿ ಅಂಗಿಯ ಮೇಲಿನ ಗುಂಡಿ ಹಾಕಿಕೊಂಡ. ಯಜಮಾನರೇ ಬಂದಿರುವಾಗ ಎಲ್ಲವೂ ಕ್ರಮವಾಗಿ ಆಗಬೇಕಲ್ಲ! ಆರ್‌ಸಿ, ಇನ್ಶೂರೆನ್ಸು, ಕಾಡು ದಾಟುವ ಅನುಮತಿ ಚೀಟಿ, ಎಲ್ಲ ತೋರಿಸಿ ಎಂದ. ಎಲ್ಲವೂ ಮನೆಯ ಟ್ರಂಕಿನಲ್ಲಿ, ಸೀರೆಗಳ ಕೆಳಗೆ ಭದ್ರವಾಗಿದ್ದವು. ನಂಜುಂಡ ನನ್ನನ್ನು ಒಮ್ಮೆ ನೋಡಿ, ಎದುರಿನಿಂದ ಬಂದ ಬೈಕೊಂದನ್ನು ನಿಲ್ಲಿಸಿ ತಾಳವಾಡಿಗೆ ಹೊರಟ. ರಸ್ತೆಯ ತುಂಬ ಅಡ್ಡ ನಿಂತ ಟ್ರೈಲರ್ ಹಿಂದೆ ಮೊದಲು ಒಂದು ಬಸ್ಸು, ಆಮೇಲೆ ಎರಡು ಕೋಸಿನ ಲಾರಿ, ಆಮೇಲೆ ಒಂದು ಮದುವೆ ದಿಬ್ಬಣದ ವ್ಯಾನು ಬಂದು ನಿಂತವು. ಬಸ್ಸಿನ ಕಂಡಕ್ಟರ್ ಇಳಿದು, ಲುಂಗಿ ಎತ್ತಿ ಕಟ್ಟಿದ ನಾಲ್ಕು ಜನರನ್ನು ಹಿಂದಿಟ್ಟುಕೊಂಡು ದಾಪುಗಾಲು ಹಾಕುತ್ತ ಬಂದ. "ಯಾವನ್ದಯ್ಯಾ ಈ ಗಾಡಿ?" ಎಂದು ಕೂಗಿದ.

ನಾನು ತಲೆ ತಗ್ಗಿಸಿ, ಮುರುಗೇಶನ ಕಡೆ ಬೆರಳು ತೋರಿಸಿದೆ.