ರಾಯರ ನಿದ್ದೆ, ಗಲ್ಲಿಯ ನೀರು

ಎಂಟು ವರ್ಷಗಳಲ್ಲಿ ಮೊದಲ ಬಾರಿಗೆ ರಾಘವೇಂದ್ರರಾಯರು ಬೆಳಗಿನ ಏಳರವರೆಗೆ ಗಡದ್ದಾಗಿ ನಿದ್ದೆ ಮಾಡಿದರು. ಅದೇ ತಪ್ಪಾಯಿತು.

ಸೊಲ್ಲಾಪುರದ ಆ ಗಲ್ಲಿಗೆ ನಳದ ನೀರು ಬರುವುದು ಐದು ದಿನಕ್ಕೊಮ್ಮೆ. ಎಷ್ಟು ಹೊತ್ತಿಗೆ ಎಂಬುದು ಆ ನೀರಿಗೂ ಗೊತ್ತಿರುವುದಿಲ್ಲ. ಹೆಚ್ಚಾಗಿ ನಸುಕಿನ ಮೂರಕ್ಕೋ ನಾಲ್ಕಕ್ಕೋ ಬಂದು, ಒಂದು ತಾಸಿದ್ದು ಹೋಗಿಬಿಡುತ್ತದೆ. ಆದರೂ ಹದಿನಾರು ಮನೆಗಳಲ್ಲಿ ಒಬ್ಬರೂ ಅಲಾರಾಂ ಇಟ್ಟವರಲ್ಲ. ವಿಮಾ ಆಫೀಸಿನ ಕ್ಲಾರ್ಕ್ ರಾಯರಿಗೆ ನಿದ್ದೆ ಬರದ ರೋಗವಿತ್ತಲ್ಲ! ನಳ ಸುಸ್ ಎಂದರೆ ಸಾಕು, ಅವರು ಸ್ಟೀಲಿನ ತಾಟು ಬಾರಿಸುತ್ತ ಗಲ್ಲಿಯುದ್ದಕ್ಕೂ ಓಡಿ ಎಲ್ಲರನ್ನೂ ಎಬ್ಬಿಸುತ್ತಿದ್ದರು. ಅದಕ್ಕಾಗಿ ಇಷ್ಟು ವರ್ಷದಲ್ಲಿ ಯಾರೂ ಅವರಿಗೆ ಒಂದು ಕಪ್ ಚಹಾ ಕೊಟ್ಟಿರಲಿಲ್ಲ.

ಹೋದ ವಾರ ಅಕ್ಕಲಕೋಟೆಯ ಅಕ್ಕ ಕಸ್ತೂರಬಾಯಿ ನಿದ್ದೆಗೆ ಒಳ್ಳೆಯದೆಂದು ಗಾಜಿನ ಭರಣಿಯಲ್ಲಿ ಒಂದು ಹೆಪ್ಪು ಕಳಿಸಿದ್ದರು. ಹೂಕೋಸಿನ ಚೂರುಗಳಂಥ ಬಿಳಿ ಗಂಟುಗಳು. ಕೆಫೀರ್ ಅಂತ ಹೆಸರು. ಗಂಟಿಗೆ ಹಾಲು ಹಾಕಿ ಒಂದು ದಿನ ಇಟ್ಟು, ಸೋಸಿ ಕುಡಿಯಬೇಕು. ಗಂಟನ್ನು ಮತ್ತೆ ಹೊಸ ಹಾಲಿಗೆ ಹಾಕಬೇಕು. ಹುಳಿಯಾಗಿ ನಾಲಿಗೆಗೆ ಚುರ್ರೆನ್ನುವ ಆ ಹಾಲನ್ನು ರಾಯರು ಮೂಗು ಹಿಡಿದು ಕುಡಿದರು. ಆರನೆಯ ರಾತ್ರಿ ನಿದ್ದೆ ಬಂತು. ಅದೇ ರಾತ್ರಿ ನೀರೂ ಬಂತು.

ಬಾಗಿಲು ಬಡಿದವನು ಟವೆಲ್ ವ್ಯಾಪಾರಿ ಸಿದ್ದರಾಮಪ್ಪ. ಯಾರೂ ಆರಿಸದಿದ್ದರೂ ಗಲ್ಲಿಗೆಲ್ಲ ಅವನೇ ಅಧ್ಯಕ್ಷ.

"ಏನ್ರೀ ರಾಯರ, ಜೀವಂತ ಇದ್ದೀರೋ ಇಲ್ಲೋ? ನಳಾ ಬಂದು ಹೋಗ್ಯದ! ನಮ್ಮ ಬ್ಯಾರಲ್ ಠಣ್ ಠಣ್ ಅನ್ನಾಕತ್ತದ!"

"ನಾ ಮಲಗಿದ್ದೆ."

"ಮಲಗಿದ್ರೀ? ನೀರಿನ ದಿನಾ? ಯಾರನ್ನ ಕೇಳಿ ಮಲಗಿದ್ರಿ?"

ರಾಯರಿಗೆ ಅಂಗಾಲಿನ ಸಿಟ್ಟು ನೆತ್ತಿಗೇರಿತು. "ನನ್ನ ಹಾಸಿಗಿ, ನನ್ನ ಕಣ್ಣು. ನೀವೇನು ನನಗ ಪಗಾರ ಕೊಡ್ತೀರಿ?"

ಅಷ್ಟರಲ್ಲಿ ಪಕ್ಕದ ಮನೆಯ ಲಕ್ಷ್ಮೀಬಾಯಿ ಸೀದಾ ಅಡುಗೆಮನೆಗೆ ನುಗ್ಗಿ ಭರಣಿ ಎತ್ತಿ ತಂದರು. "ಇದೇ ನೋಡ್ರಿ ಕಾರಭಾರ! ಈ ಕೆಟ್ಟ ಹಾಲು ಕುಡದೇ ಇವರ ತಲೀನೂ ಕೆಟ್ಟದ."

"ಕುಡೀತೀನಿ! ಇವತ್ತೂ ಕುಡೀತೀನಿ, ನಾಳೆನೂ ಕುಡೀತೀನಿ. ನೀರಿನ ದಿನಾ ಎರಡು ಗ್ಲಾಸ್ ಕುಡೀತೀನಿ!"

ಹಿಂದೆ ನಿಂತಿದ್ದ ಹೆಂಡತಿ ದ್ವಾರಕಾ ಆಕಳಿಸಿದರು.

"ಹಂಗಾದ್ರ ಇದು ಜಪ್ತಿ," ಎಂದು ಸಿದ್ದರಾಮಪ್ಪ ಭರಣಿಯನ್ನು ಕಂಕುಳಿಗೆ ಸಿಕ್ಕಿಸಿಕೊಂಡ.

"ಒಯ್ರಿ! ಅಕ್ಕಲಕೋಟಿ ಏನು ಕಾಶ್ಯಾಗಿಲ್ಲ. ಸಂಜಿ ಆಗೂದ್ರಾಗ ಇದರ ಎರಡರಷ್ಟು ತರ್ತೀನಿ!"

ರಾಯರು ಆಫೀಸಿಗೆ ರಜಾ ಹೇಳಿ, ಬಸ್ಸಿನಲ್ಲಿ ನಿಂತುಕೊಂಡೇ ಅಕ್ಕಲಕೋಟೆ ಮುಟ್ಟಿದರು. ಕಸ್ತೂರಬಾಯಿ ಎಲ್ಲ ಕೇಳಿ, "ಮಂದಿ ಬ್ಯಾರಲ್ ಸಲುವಾಗಿ ನೀ ಯಾಕ ನಿದ್ದಿ ಕೆಡಸ್ಕೋತಿ ರಾಘು? ಬಗ್ಗಬ್ಯಾಡ," ಎಂದು ದೊಡ್ಡ ಭರಣಿ ತುಂಬಿ ಕೊಟ್ಟರು. "ಮುಚ್ಚಳ ಸಡಲ ಇಡು, ಉಬ್ಬತದ."

ಚೆಲ್ಲೀತೆಂದು ರಾಯರು ಮುಚ್ಚಳ ಬಿಗಿ ಮಾಡಿದರು. ಮರಳುವ ಬಸ್ಸು ವಳಸಂಗ ದಾಟುವಷ್ಟರಲ್ಲಿ ಬಿಸಿಲಿಗೆ ಅದು ಢಬ್ ಎಂದು ಹಾರಿ ಕಂಡಕ್ಟರನ ಬೆನ್ನಿಗೆ ಬಡಿಯಿತು. ಅರ್ಧ ಹಾಲು ರಾಯರ ಅಂಗಿಯ ಪಾಲಾಯಿತು. ಪಕ್ಕದವರೆಲ್ಲ ಮೂಗು ಮುಚ್ಚಿಕೊಂಡು ಎದ್ದಾಗ ರಾಯರಿಗೆ ಕೂರಲು ಜಾಗ ಸಿಕ್ಕಿತು. ಗಂಟುಗಳು ಭದ್ರವಾಗಿದ್ದವು, ಅವರಿಗೆ ಅಷ್ಟು ಸಾಕಿತ್ತು.

ಮಧ್ಯಾಹ್ನ ಮೂರು ಗಂಟೆಗೆ ಎದೆ ಸೆಟೆಸಿ ಗಲ್ಲಿ ಹೊಕ್ಕರೆ ನರಪಿಳ್ಳೆ ಇಲ್ಲ. ಸಿದ್ದರಾಮಪ್ಪ ಒಬ್ಬನೇ ಕಟ್ಟೆಯ ಮೇಲೆ ಬಾಯಿ ತೆರೆದು ಗೊರಕೆ ಹೊಡೆಯುತ್ತಿದ್ದ. ಬದಿಗೆ ಜಪ್ತಿಯಾದ ಭರಣಿ ಖಾಲಿ, ಸುತ್ತ ಹದಿನಾರು ಎಂಜಲು ಲೋಟ. ರಾಯರಿಗೆ ನಿದ್ದೆ ತಂದ ಹಾಲಾದರೂ ಎಂಥದ್ದೆಂದು ಗಲ್ಲಿಯವರೆಲ್ಲ ಗುಟುಕು ಗುಟುಕು ಹಂಚಿಕೊಂಡಿದ್ದರು. ಗಂಟನ್ನೂ ಬಿಟ್ಟಿರಲಿಲ್ಲ, ಜಗಿದು ನುಂಗಿದ್ದರು. ಮೇಲೆ ಖಡಕ್ ರೊಟ್ಟಿ, ಶೇಂಗಾ ಹಿಂಡಿ ಚಟ್ನಿಯ ಊಟ. ಇನ್ನು ನಿದ್ದೆಗೆ ಕರೆಯೋಲೆ ಬೇಕೆ?

ಆಗ ನಳ ಸುಸ್ ಎಂದಿತು. ನೀರು ಬಿಡುವವನಿಗೆ ಸಿದ್ದರಾಮಪ್ಪ ಬೆಳಗಿನಿಂದ ಹತ್ತು ಸಲ ಫೋನ್ ಮಾಡಿ ಗೋಗರೆದದ್ದು ಈಗ ಫಲಿಸಿತ್ತು.

"ನಾ ಎಬ್ಬಸಂಗಿಲ್ಲ," ಎಂದು ರಾಯರು ಕಟ್ಟೆಯ ಮೇಲೆ ಗಟ್ಟಿಯಾಗಿ ಕೂತರು. ನೀರು ಗಟಾರಕ್ಕೆ ಹರಿಯಿತು. ಎರಡು ನಿಮಿಷ ತಡೆದರು. ಮೂರನೆಯ ನಿಮಿಷಕ್ಕೆ ಎದ್ದು ತಾಟು ತಂದು ಸಿದ್ದರಾಮಪ್ಪನ ಕಿವಿಯ ಹತ್ತಿರವೇ ಬಾರಿಸಿದರು.

"ಸುಮ್ಮನಿರ್ರೀ, ನಿದ್ದಿ ಬಂದದ," ಎಂದು ಅವನು ಮಗ್ಗಲು ಬದಲಿಸಿದ.

ಯಾರೂ ಏಳಲಿಲ್ಲ. ರಾಯರು ಪೈಪು ಎಳೆದಾಡುತ್ತ, ಒಂದೊಂದು ಮನೆಯವರನ್ನೂ ಹೆಸರು ಹಿಡಿದು ಬೈಯುತ್ತ, ಹದಿನಾರು ಬ್ಯಾರಲ್ ತುಂಬಿದರು.

ಐದಕ್ಕೆ ಎದ್ದ ಸಿದ್ದರಾಮಪ್ಪ ತುಂಬಿದ ಬ್ಯಾರಲ್ ತಟ್ಟಿ ನಕ್ಕ. "ಭಲೇ ರಾಯರ! ಹಾಲು ಅಂದ್ರ ಹಾಲು! ಹದಿನೈದೂ ಮನಿಗೆ ಒಂದೊಂದು ಗಂಟು ಕೊಟ್ಟಬಿಡ್ರಿ."

ರಾಯರು ಭರಣಿಯನ್ನು ಎದೆಗವಚಿಕೊಂಡರು. "ಒಂದು ಹನಿನೂ ಕೊಡಂಗಿಲ್ಲ! ನಾ ಒಬ್ಬನ ಕುಡೀತೀನಿ, ನಾ ಒಬ್ಬನ ಮಲಗ್ತೀನಿ! ಏನ್ ಮಾಡ್ಕೋತೀರಿ ಮಾಡ್ಕೋರಿ!"

ಆಗ ದ್ವಾರಕಾ ಹೊರಗೆ ಬಂದರು. ಕೆನ್ನೆಯ ಮೇಲೆ ದಿಂಬಿನ ಗೆರೆ ಮೂಡಿತ್ತು.

"ರೀ, ನಾನೂ ಒಂದು ಗುಟುಕು ಕುಡದಿದ್ದೆ. ಏನು ನಿದ್ದಿ ಬಂತಂತೀರಿ! ಎಂಟು ವರ್ಷ ನೀವು ಹೊಳ್ಳಾಡಿದಾಗೆಲ್ಲಾ ನನಗೂ ಎಚ್ಚರ ಇರ್ತಿತ್ತು."

"ಒಂದಿನಾನೂ ಹೇಳಲಿಲ್ಲಲ್ಲ?"

"ನೀವೂ ಕೇಳಲಿಲ್ಲ."

ರಾಯರಿಗೆ ನಾಚಿಕೆಯಾಯಿತು. ಇಡೀ ಗಲ್ಲಿಗೆ ಎದುರು ನಿಂತವರು ಭರಣಿಯನ್ನು ಸುಮ್ಮನೆ ಹೆಂಡತಿಯ ಕೈಗಿಟ್ಟರು.

"ಹೆಪ್ಪು ಕೇಳಿದವರಿಗೆ ಇಲ್ಲ ಅನಬಾರದ್ರಿ," ಎಂದು ದ್ವಾರಕಾ ಅಲ್ಲೇ ಹಂಚಲು ಕೂತರು. ಹದಿನೈದು ಮನೆಗೆ ಹದಿನೈದು ಹೋಗಿ, ತಳದಲ್ಲಿ ಶೇಂಗಾ ಬೀಜದಷ್ಟು ಒಂದು ಗಂಟು ಉಳಿಯಿತು. "ಇದು ನಂದು. ನಿಮಗ, ಇದು ಬೆಳದ ಮ್ಯಾಲೆ."

ಐದನೆಯ ದಿನ ನಸುಕಿನಲ್ಲಿ ನಳ ಸುಸ್ ಎಂದಿತು. ಗಲ್ಲಿಯಲ್ಲಿ ಎಚ್ಚರವಿದ್ದವರು ಒಬ್ಬರೇ. ರಾಯರು ತಾಟು ಎತ್ತಿಕೊಂಡರು, ಮಲಗಿದ್ದ ಹೆಂಡತಿಯನ್ನು ನೋಡಿದರು, ಸದ್ದಾಗದಂತೆ ತಾಟನ್ನು ಕೆಳಗಿಟ್ಟರು. ಆಮೇಲೆ ಹದಿನೈದೂ ಮನೆಯವರನ್ನು ಹೆಸರು ಹಿಡಿದು ಪಿಸುದನಿಯಲ್ಲಿ ಬೈಯುತ್ತ, ಪೈಪು ಎಳೆದುಕೊಂಡು ಹೊರಟರು.