ಒಂದು ಮಾರು ದೂರ

ಪ್ರಮೀಳಾ ಸೈಕಲ್ಲಿನಿಂದ ಬಿದ್ದದ್ದು ದೊಡ್ಡ ಸಂಗತಿಯೇನಲ್ಲ. ಮೊಣಕಾಲು ತರಚಿತ್ತು, ಊಟದ ಡಬ್ಬಿ ನೆಗ್ಗಿತ್ತು, ಅಷ್ಟೆ. ಸಂಗತಿ ದೊಡ್ಡದಾದದ್ದು ಅವಳ ಗಂಡ ಲಿಂಗರಾಜು ಬಾಯಿ ತೆರೆದ ಮೇಲೆ.

"ಬಸ್ಸು ಪಕ್ಕದಲ್ಲೇ ಉಜ್ಕಂಡ್ ಓಯ್ತು ಕಣ್ರೀ. ಅದರ ಗಾಳಿಗೇ ಚರಂಡಿಗೆ ಬಿದ್ದೆ," ಅಂದಳು ಅವಳು.

"ಬಸ್ಸಿಂದೇನ್ ತಪ್ಪು? ಎಂಗಸರು ಅಂದ್ರೆ ಡ್ರೈವರ್‌ಗಳೇ ದೂರ ಓಯ್ತಾರೆ. ನಿಂಗೇ ಬ್ಯಾಲೆನ್ಸ್ ಇಲ್ಲ. ಮಾರ್ಬುಡವ ಆ ಸೈಕಲ್ನ."

ಪ್ರಮೀಳಾ ಗುರುಪುರದ ಕಡೆಯ ಅಂಗನವಾಡಿಯಲ್ಲಿ ಟೀಚರ್. ಅಂಗನವಾಡಿ ತೆರೆಯುವ ಹೊತ್ತಿಗೆ ಅವಳ ಹಳ್ಳಿಯಿಂದ ಬಸ್ಸಿಲ್ಲ. ಸೈಕಲ್ ಮಾರುವುದೆಂದರೆ ಕೆಲಸ ಬಿಡುವುದು ಎಂದೇ ಅರ್ಥ. ಅವಳು ಗಾಯಕ್ಕೆ ಅರಿಸಿನ ಹಚ್ಚಿಕೊಂಡಳು.

ಮಾತಾಡಿದವಳು ಬೃಂದಾ. ಲಿಂಗರಾಜುವಿನ ಅಕ್ಕನ ಮಗಳು. ಮೈಸೂರಿನಲ್ಲಿ ಸೈಕಲ್ ಸವಾರರ ಸುರಕ್ಷತೆಯ ಮೇಲೆ ಸಂಶೋಧನೆ ಮಾಡುತ್ತಿದ್ದಳು. ರಜೆಗೆಂದು ಬಂದಿದ್ದಳು.

"ಮಾವ, ಬಾಯಲ್ಲಿ ಹೇಳಿದ್ರೆ ಆಗಲ್ಲ, ಅಳೀಬೇಕು. ನನ್ನ ಹತ್ರ ಒಂದು ಪೆಟ್ಟಿಗೆ ಇದೆ. ಸೈಕಲ್ಲಿಗೆ ಕಟ್ಟಿದ್ರೆ ಯಾವ ಗಾಡಿ ಎಷ್ಟು ದೂರದಲ್ಲಿ ಹೋಯ್ತು ಅಂತ ಹೇಳುತ್ತೆ. ಅದೇ ಸೈಕಲ್ಲು, ಅದೇ ರಸ್ತೆ, ಅದೇ ಮನುಷ್ಯ. ಒಂದ್ಸಲ ಬರಿತಲೆ, ಒಂದ್ಸಲ ಹೆಲ್ಮೆಟ್, ಒಂದ್ಸಲ ಹೆಂಗಸಿನ ವೇಷ."

"ವೇಷ ಯಾಕೆ? ನೀನೇ ತುಳಿ."

"ನಾನು ಎಷ್ಟು ಮಾಡಿದ್ರೂ ಗಂಡಸಿನ ಹಾಗೆ ಕಾಣಲ್ಲ ಮಾವ. ನಿಮ್ಮನ್ನ ಹಿಂದಿನಿಂದ ನೋಡಿದ್ರೆ ಹೆಂಗಸು ಅಂದ್ಕೋಬಹುದು."

ಲಿಂಗರಾಜು ಉಗಿದು ಎದ್ದು ಹೋಗುತ್ತಿದ್ದನೇನೋ. ಅಷ್ಟರಲ್ಲಿ ಪ್ರಮೀಳಾ ತಲೆಯೆತ್ತಿ, "ಪೆಟ್ಟಿಗೆ ನಿಮ್ ಮಾತೇ ಸರಿ ಅಂದ್ರೆ ಸೈಕಲ್ ಮಾರ್ಬುಡಿ. ಕೆಲ್ಸ ಬುಟ್ಟು ಮನೇಲಿ ಕೂತ್ಕತೀನಿ," ಅಂದಳು. ಇನ್ನು ಹಿಂದೆ ಸರಿಯುವ ಹಾಗಿರಲಿಲ್ಲ.

ಭಾನುವಾರ ಬೆಳಿಗ್ಗೆ ಪ್ರಮೀಳಾಳ ನೀಲಿ ಲೇಡೀಸ್ ಸೈಕಲ್ಲಿನ ಮೇಲೆ ಲಿಂಗರಾಜು ಹುಣಸೂರು-ಕೋಟೆ ರಸ್ತೆಗೆ ಇಳಿದ. ಬರಿತಲೆಯ ಸವಾರಿ ತೊಂದರೆಯಿಲ್ಲದೆ ಮುಗಿಯಿತು. ಹೆಲ್ಮೆಟ್ ಹಾಕಿಕೊಂಡಾಗ ಅವನು ಹೊಲದ ಬೆರ್ಚಪ್ಪನಿಗೆ ಮಡಕೆ ಕವುಚಿದಂತೆ ಕಂಡ. ತಿರುವಿನಲ್ಲಿ ಹೊಗೆಸೊಪ್ಪು ತುಂಬಿದ ಲಾರಿಯೊಂದು ಅವನ ಅಂಗಿಯ ತೋಳಿಗೆ ಮುತ್ತಿಟ್ಟು ಹೋಯಿತು. ಮರುಗಳಿಗೆಯಲ್ಲಿ ಲಿಂಗರಾಜು ಚರಂಡಿಯ ಲಂಟಾನ ಪೊದೆಯೊಳಗೆ ಕೂತಿದ್ದ. ಸುತ್ತ ಯಾರೂ ಇರಲಿಲ್ಲ. ಎದ್ದು, ಮುಳ್ಳು ಕಿತ್ತುಕೊಂಡು, ಏನೂ ಆಗದವನಂತೆ ಮನೆಗೆ ಬಂದ. ತನ್ನ ಬ್ಯಾಲೆನ್ಸಿನ ವಿಚಾರವನ್ನು ಯಾರಿಗೂ ಹೇಳಲಿಲ್ಲ.

ಮಧ್ಯಾಹ್ನ ಬೃಂದಾ ಅವನಿಗೆ ಚೂಡಿದಾರ ತೊಡಿಸಿ, ಕಾಲೇಜಿನ ನಾಟಕದ ಜಡೆ ಕಟ್ಟಿ, ವೇಲಿನಿಂದ ಕಣ್ಣಷ್ಟೇ ಕಾಣುವಂತೆ ಮುಖ ಸುತ್ತಿದಳು. ಬಿಸಿಲಿಗೆ ಹುಡುಗಿಯರು ಹಾಗೆ ಸುತ್ತಿಕೊಳ್ಳುವುದರಿಂದ ಯಾರಿಗೂ ಅನುಮಾನ ಬರುವಂತಿರಲಿಲ್ಲ.

ಸ್ವಲ್ಪ ದೂರ ಹೋಗುವಷ್ಟರಲ್ಲಿ ಬೈಕಿನಲ್ಲಿ ಇಬ್ಬರು ಹುಡುಗರು ಪಕ್ಕಕ್ಕೆ ಬಂದರು. ಮುಂದೆ ಹೋಗಲಿಲ್ಲ, ಹಿಂದೆಯೂ ಉಳಿಯಲಿಲ್ಲ. "ಎಲ್ಲಿಗ್ ಬುಡನಾ? ಮಾತಾಡಕಿಲ್ವಾ?" ಬಾಯಿ ಬಿಟ್ಟರೆ ಗಂಡು ದನಿ, ಗುಟ್ಟು ರಟ್ಟಾಗುತ್ತದೆ. ಲಿಂಗರಾಜು ತಲೆ ತಗ್ಗಿಸಿ ತುಳಿದ. ಆ ಹುಡುಗರು ನಗುತ್ತಾ ಹೋದ ಮೇಲೂ ಬೈಕಿನ ಸದ್ದು ಕೇಳಿದಾಗಲೆಲ್ಲ ತಿರುಗಿ ನೋಡಿದ. ಪ್ರಮೀಳಾ ದಿನಾ ಹೀಗೇ ಹೋಗುತ್ತಾಳಾ? ಮನೆಗೆ ಬಂದು ಒಂದು ದಿನವೂ ಹೇಳಿದ್ದಿಲ್ಲವಲ್ಲ. ಅಥವಾ ಹೇಳಿದಾಗ ತಾನು ಕೇಳಿಸಿಕೊಳ್ಳಲಿಲ್ಲವೋ?

ಈ ಯೋಚನೆಯಲ್ಲೇ ಸಾಗುತ್ತಿರುವಾಗ ಗೋವಿಂದಯ್ಯನ ಟೀ ಅಂಗಡಿಯ ಮುಂದೆ ಸರಿಯಾಗಿ ಚೈನು ಕಳಚಿತು.

ಗೋವಿಂದಯ್ಯ ಎಂದರೆ ಊರಿನ ರೇಡಿಯೋ. ಹೋಗಿಬರುವ ಡ್ರೈವರ್‌ಗಳೆಲ್ಲ ಅವನ ಗಿರಾಕಿಗಳು. ಅವನು ತಾನಾಗಿಯೇ ಬಂದು ಕೂತು ಚೈನು ಹಾಕಿದ. ಹಾಕುವಾಗ ಸವಾರಳ ಪಾದಗಳನ್ನು ಒಂದು ಗಳಿಗೆ ನೋಡಿದ. ಎದ್ದು ನಿಂತು, ಎಂದೂ ಇಲ್ಲದ ಮೆಲುದನಿಯಲ್ಲಿ, "ಬಿಸ್ಲು ಜಾಸ್ತಿ. ನಿಧಾನಕ್ಕೆ ಮನೆಗೋಗವ್ವ," ಅಂದ.

ಮಾತಿಗೊಮ್ಮೆ ಬಯ್ಯುವ ಗೋವಿಂದಯ್ಯನೂ ಹೆಂಗಸರ ಮುಂದೆ ಎಷ್ಟು ಮೃದು ಎಂದು ಲಿಂಗರಾಜುವಿಗೆ ಬೆರಗಾಯಿತು.

ಅಲ್ಲಿಂದ ಮುಂದಕ್ಕೆ ನಡೆದದ್ದು ಇನ್ನೂ ದೊಡ್ಡ ಬೆರಗು. ಹಾಲಿನ ವ್ಯಾನು ರಸ್ತೆಯ ಆಚೆ ಅಂಚಿಗೆ ಸರಿದು ಹೋಯಿತು. ಲಾರಿಯೊಂದು ಅವನು ದಾಟುವವರೆಗೆ ನಿಂತೇ ಇತ್ತು. ಬಸ್ಸಿನ ಕಂಡಕ್ಟರ್ ಬಾಗಿಲಲ್ಲಿ ನಿಂತು ಕೈ ಮುಗಿದ. ಮೆರವಣಿಗೆಯ ಮದುಮಗನ ಹಾಗೆ ಲಿಂಗರಾಜು ಮನೆ ಸೇರಿದ.

ಸಂಜೆ ಬೃಂದಾ ಲ್ಯಾಪ್‌ಟಾಪ್ ತೆರೆದಳು. "ಬರಿತಲೆಗೆ ಅರ್ಧ ಮಾರು ದೂರ ಬಿಟ್ಟಿದ್ದಾರೆ. ಹೆಲ್ಮೆಟ್ಟಿಗೆ ಅದಕ್ಕಿಂತ ಕಮ್ಮಿ. ಜಡೆಗೆ..." ಅವಳು ಕಣ್ಣುಜ್ಜಿಕೊಂಡು ಎರಡೂ ತೋಳು ಚಾಚಿ ತೋರಿಸಿದಳು. "ಒಂದು ಮಾರಿಗಿಂತ ಜಾಸ್ತಿ!"

"ಕೇಳುದ್ಯೇನೇ?" ಲಿಂಗರಾಜು ತೊಡೆ ತಟ್ಟಿದ. ಲಾರಿಯೂ ಚರಂಡಿಯೂ ಬೈಕಿನ ಹುಡುಗರೂ ಅವನಿಗೆ ಮರೆತೇಹೋಗಿದ್ದರು. "ಲೋಕವೇ ನಿಮಗೆ ದಾರಿ ಬುಡ್ತೈತೆ!"

ಪ್ರಮೀಳಾ ಒಳಗೆ ಹೋಗಿ ಸೈಕಲ್ಲಿನ ಬೀಗದಕೈ ತಂದು ಅವನ ಮುಂದಿಟ್ಟಳು. ಅವಳ ಮುಖ ನೋಡಿ ಲಿಂಗರಾಜುವಿಗೆ ಗೆದ್ದದ್ದು ಅಷ್ಟೇನೂ ರುಚಿಸಲಿಲ್ಲ.

ಆಗಲೇ ಗೋವಿಂದಯ್ಯ ನಾಲ್ಕಾರು ಜನರ ಜೊತೆ ಅಂಗಳಕ್ಕೆ ಬಂದ. ಕೈಯಲ್ಲಿ ನಿಂಬೆಹಣ್ಣಿತ್ತು.

"ಪ್ರಮೀಳವ್ವ, ಯಾವಾಗ್ಲಿಂದ ಇವನಿಗಿಂಗೆ? ನಾನು ಕಾಲು ನೋಡೇ ಕಂಡುಹಿಡ್ದೆ. ಎದರಿಸ್ಬಾರ್ದು ಅಂತ ಸುಮ್ಕಾದೆ. ನೀನೇನೂ ಯೋಚ್ನೆ ಮಾಡ್ಬ್ಯಾಡ. ಉಣಸೂರಿಂದ ಕೋಟೆವರ್ಗೂ ಎಲ್ಲಾ ಡ್ರೈವರ್‌ಗಳಿಗೂ ಫೋನ್ ಮಾಡಿವ್ನಿ. ನೀಲಿ ಲೇಡೀಸ್ ಸೈಕಲ್ ಕಂಡ್ರೆ ದೂರ ಓಗ್ರಪ್ಪ, ಲಿಂಗರಾಜಂಗೆ ತಲೆ ಕೆಟ್ಟೈತೆ, ಯಾವ ಕಡೆ ತಿರುಗುಸ್ತಾನೋ ಗೊತ್ತಿಲ್ಲ ಅಂತ!"

"ಇದು ಸಂಶೋಧನೆ ಕಣಯ್ಯಾ!" ಲಿಂಗರಾಜು ಕೂಗಿದ.

"ಊಂ ಕಣಪ್ಪ, ಸಂಶೋಧನೆ ಸಂಶೋಧನೆ," ಎಂದು ಗೋವಿಂದಯ್ಯ ಮಗುವನ್ನು ಸಮಾಧಾನ ಮಾಡುವಂತೆ ಬೆನ್ನು ಸವರಿದ.

ಬೃಂದಾ ತಲೆ ಕೆರೆದುಕೊಂಡು ಜಡೆಯ ಲೆಕ್ಕವನ್ನೆಲ್ಲ ಅಳಿಸಿಹಾಕಿದಳು. "ಇದು ಹೆಂಗಸಿಗೆ ಬಿಟ್ಟ ದೂರ ಅಲ್ಲ ಮಾವ." ಪ್ರಮೀಳಾ ಬೀಗದಕೈಯನ್ನು ಮೆಲ್ಲಗೆ ವಾಪಸ್ ತೆಗೆದುಕೊಂಡಳು.

ಮರುದಿನ ಸಂಜೆ ಲಿಂಗರಾಜು ಇಸ್ತ್ರಿ ಅಂಗಿ ತೊಟ್ಟು, ಕ್ರಾಪು ಬಾಚಿ, ತನ್ನ ತಲೆ ನೆಟ್ಟಗಿದೆಯೆಂದು ಸಾಬೀತು ಮಾಡಲು ಟೀ ಅಂಗಡಿಗೆ ಹೊರಟ. ಅಂಗಡಿ ತುಂಬ ಡ್ರೈವರ್‌ಗಳಿದ್ದರು. ಅವನನ್ನು ಕಂಡು ಬೆಂಚಿನವರೆಲ್ಲ ಸರಿದು ಜಾಗ ಬಿಟ್ಟರು. ಲಿಂಗರಾಜು ಗಂಟಲು ಸರಿಮಾಡಿಕೊಂಡ.

ಅಷ್ಟರಲ್ಲಿ ತಿರುವಿನಲ್ಲಿ ನೀಲಿ ಸೈಕಲ್ ಕಾಣಿಸಿತು. ಪ್ರಮೀಳಾ ಅಂಗನವಾಡಿ ಮುಗಿಸಿ ಬರುತ್ತಿದ್ದಳು, ಬಿಸಿಲಿಗೆ ತಲೆಯ ಮೇಲೆ ಸೆರಗು ಹೊದ್ದುಕೊಂಡು. ಹಿಂದಿನಿಂದ ಬಂದ ಲಾರಿ ವೇಗ ತಗ್ಗಿಸಿತು. ರಸ್ತೆಯ ಆಚೆ ಅಂಚಿನವರೆಗೂ ಸರಿದು, ಹಾರನ್ನೂ ಹೊಡೆಯದೆ ದಾಟಿಹೋಯಿತು. ಹಿಂದೆ ಬಂದ ಬೈಕೂ ಅಷ್ಟೇ. ಅವಳ ಮುಖದಲ್ಲಿ ಲಿಂಗರಾಜು ಎಷ್ಟೋ ದಿನದಿಂದ ಕಾಣದ ನಿರಾಳವಿತ್ತು. ಅವಳು ಏನೋ ಹಾಡು ಗುನುಗುತ್ತಾ ಅಂಗಡಿ ದಾಟಿ ಹೋದಳು.

ಬಸ್ಸಿನ ಡ್ರೈವರ್ ಸಿದ್ದಯ್ಯ ಲೋಟ ಕೆಳಗಿಟ್ಟು ಕನಿಕರದಿಂದ ಕೇಳಿದ: "ಎಂಗೈತೆ ಲಿಂಗರಾಜಣ್ಣ ಈಗ? ವಾಸಿ ಆಯ್ತಾ? ಇನ್ನೂ ನಾವು ದೂರಾನೇ ಓಗ್ಬೇಕಾ?"

ಲಿಂಗರಾಜು ದೂರವಾಗುತ್ತಿದ್ದ ಸೈಕಲ್ಲನ್ನು ನೋಡಿದ. ಬಾಚಿದ್ದ ಕ್ರಾಪನ್ನು ಎರಡೂ ಕೈಯಿಂದ ಕೆದರಿಕೊಂಡ.

"ವಾಸಿ ಎಲ್ ಬಂತು ಸಿದ್ದಯ್ಯ," ಅಂದ. "ಇವತ್ತು ವಸಿ ಜಾಸ್ತೀನೇ ಐತೆ. ದೂರಾನೇ ಓಗ್ರಪ್ಪ."